ಅಕ್ಕಡಿ ಸಾಲಿನ ನಮ್ಮತ್ತೆ

ಶೋಭಾ, ರವಿ,

ನನ್ನ ಅತ್ತೆಯನ್ನು, ಅಂದರೆ ನಿಮ್ಮ ಮುತ್ತಜ್ಜಿಯನ್ನು, ನೀವು ನೋಡಲಿಲ್ಲ. ನೋಡಿದ್ದರೆ ನಿಮ್ಮ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅವರ ಮುಖವಲ್ಲ, ಮಡಿಲು. ಸಂಜೆ ಹೊಲದಿಂದ ಬರುವಾಗ ಆ ಮಡಿಲು ತುಂಬಿರಲೇಬೇಕು. ಹರಳಿನ ಗೊನೆಯೋ, ಅವರೆಕಾಯಿಯೋ, ಬೇಲಿ ಮೇಲಿನ ಹಾಗಲಕಾಯಿಯೋ, ಏನೂ ಸಿಗದ ದಿನ ಒಲೆಗೆ ಒಂದಿಷ್ಟು ಪುಳ್ಳೆಯೋ. ಅದನ್ನು ಎಡಗೈಯಿಂದ ಅಡಿಯಲ್ಲಿ ಎತ್ತಿ ಹಿಡಿದು, ಸೊಂಟ ಹಿಂದಕ್ಕೆ ಬಾಗಿಸಿ, ದಿನ ತುಂಬಿದ ಬಸುರಿಯ ಹಾಗೆ ನಡೆದು ಬರುತ್ತಿದ್ದರು. ಅರಳಿಕಟ್ಟೆಯ ಮೇಲೆ ಕುಳಿತ ಗಂಡಸರಲ್ಲಿ ಯಾರಾದರೊಬ್ಬ ಕೆಣಕದೆ ಬಿಡುತ್ತಿರಲಿಲ್ಲ.

“ಏನಕ್ಕ, ಈ ವಯಸ್ನಾಗೆ ಎಷ್ಟು ತಿಂಗ್ಳು?”

“ನಿನ್ ಮಗ್ಳ ಮದ್ವೆ ಒತ್ಗೆ ಎರ್ತೀನಿ ಕಣ್ಲಾ, ತೊಟ್ಲು ಮಾಡ್ಸಿಕ್ಕು” ಎಂದು ನಿಲ್ಲದೆ ನಡೆಯುತ್ತಿದ್ದರು.

ನಾನು ಅವರ ಹಿಂದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದೆ. ನಾನು ತವರೂರಿನ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿ, ಹದಿನೈದಕ್ಕೆ ಮದುವೆಯಾಗಿ ಆ ಮನೆಗೆ ಬಂದವಳು. ಈಗಲೂ ಎದುರು ಕೂತು ಹೇಳು ಎಂದರೆ ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಮ್ಮೂರು. ನಮ್ಮದು ರಾಗಿ ಹೊಲ. ರಾಗಿ ಬಿತ್ತುವಾಗ ಮಧ್ಯೆ ಮಧ್ಯೆ ಒಂದೊಂದು ಸಾಲು ಬಿಟ್ಟು ಅವರೆ, ತೊಗರಿ, ಅತ್ತೆ ಅಳ್ಳು ಎನ್ನುತ್ತಿದ್ದ ಎಣ್ಣೆಯ ಹರಳು, ಹುಚ್ಚೆಳ್ಳು ಹಾಕುತ್ತಿದ್ದರು. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿ ಮನೆಯ ಯಜಮಾನನ ಲೆಕ್ಕಕ್ಕೆ. ಅಕ್ಕಡಿ ಹೆಂಗಸರ ಕೈಗೆ. ಕೆಲವು ಮನೆಗಳಲ್ಲಿ ಅದರಿಂದ ಹಬ್ಬಕ್ಕೆ ಬಳೆ ಬರುತ್ತಿತ್ತು, ಕೆಲವು ಮನೆಗಳಲ್ಲಿ ಮೂಗುಬೊಟ್ಟು. ನಮ್ಮ ಮನೆಯಲ್ಲಿ ಅದರಿಂದ ಸ್ಲೇಟು, ಪುಸ್ತಕ, ಹೊದಿಕೆ ಬರುತ್ತಿದ್ದವು. ಅಕ್ಷರ ಬಾರದ ನಮ್ಮತ್ತೆಯೇ ಮಾಡಿಕೊಂಡ ಕಟ್ಟುಪಾಡು ಅದು.

ಕತ್ತಲೆ ಕೋಣೆಯಲ್ಲಿ ಅವರ ಎರಡು ಮಣ್ಣಿನ ಗುಡಾಣಗಳಿದ್ದವು, ನನ್ನ ಸೊಂಟದಷ್ಟು ಎತ್ತರದವು. ಒಂದರ ಮೈಮೇಲೆ ಸುಣ್ಣದಿಂದ ಚೌಕ ಬರೆದಿದ್ದರು. ಅದು ಸ್ಲೇಟು. ಇನ್ನೊಂದರ ಮೇಲೆ ಅಡ್ಡಡ್ಡ ಗೆರೆ. ಅದು ಕಂಬಳಿ. ಅಕ್ಕಡಿಯ ಫಸಲು ಮನೆಗೆ ಬಂದ ದಿನವೇ ಇಷ್ಟು ಇದಕ್ಕೆ, ಇಷ್ಟು ಅದಕ್ಕೆ ಎಂದು ಸುರಿದು ಬಾಯಿಗೆ ಸಗಣಿ ಮೆತ್ತಿಬಿಡುತ್ತಿದ್ದರು. ಆಮೇಲೆ ದೇವರು ಬಂದು ಕೇಳಿದರೂ ತೆಗೆಯುತ್ತಿರಲಿಲ್ಲ. ಒಮ್ಮೆ ನಮ್ಮ ಮಾವನಿಗೆ ಹುಚ್ಚೆಳ್ಳು ಚಟ್ನಿ ತಿನ್ನುವ ಆಸೆಯಾಯಿತು. ಚೌಕದ ಗುಡಾಣದ ತುಂಬ ಹುಚ್ಚೆಳ್ಳು ಇದೆಯೆಂದು ಅವರಿಗೆ ಗೊತ್ತು.

“ಒಂದ್ ಇಡಿ ತಗ್ದು ಅರ್ದ್ರೆ ಏನೋಯ್ತದೆ?” ಎಂದರು.

“ಅದು ಉಚ್ಚೆಳ್ಳಲ್ಲ ಕಣೇಳಿ, ಬಳಪ. ಬಳಪಾನ ಯಾರಾದ್ರೂ ಅರ್ದು ಚಟ್ನಿ ಮಾಡ್ತಾರಾ?” ಎಂದರು ಅತ್ತೆ. ಅಂದು ಮಾವ ಉಪ್ಪುಮೆಣಸಿನಕಾಯಿ ನಂಚಿಕೊಂಡು ಮುದ್ದೆ ಉಂಡರು.

ಚಳಿಗಾಲದ ಕೆಲಸವನ್ನು ಅವರು ಯುಗಾದಿ ಮುಗಿದ ವಾರವೇ ಹಿಡಿಯುತ್ತಿದ್ದರು. ನಾವು ಬೆವರು ಒರೆಸಿಕೊಳ್ಳುತ್ತ ಕುಳಿತಿರುವಾಗ ಹಳೆಯ ಸೀರೆಗಳನ್ನೆಲ್ಲ ಹೊರಗೆ ಹಾಕಿ, ಅಂಟುವಾಳದಲ್ಲಿ ಒಗೆಸಿ, ಪದರದ ಮೇಲೆ ಪದರ ಇಟ್ಟು ಬೊಂತೆ ಹೊಲಿಯಲು ಕೂರಿಸುತ್ತಿದ್ದರು. ಕೌದಿ ಎಂದು ನೀವು ಕರೆಯುತ್ತೀರಲ್ಲ, ಅದೇ. ಕಂಬಳಿ ಕೊಳ್ಳುವುದಿದ್ದರೂ ಬೇಸಿಗೆಯಲ್ಲೇ. “ಮಾಗಿ ಬಂದ್ಮೇಲೆ ಕಂಬ್ಳಿಯವ್ನಿಗೆ ಕೋಡು ಬತ್ತದೆ” ಎನ್ನುತ್ತಿದ್ದರು. ಮಳೆ ಬೀಳುವ ಮೊದಲೇ ಬೆರಣಿ ತಟ್ಟಿ ಒಣಗಿಸಿ ಅಟ್ಟಕ್ಕೆ ಏರಿಸಿರಬೇಕು. ಹರಳು ಕುಟ್ಟಿ, ಕುದಿಸಿ, ಎಣ್ಣೆ ತೆಗೆದು, ಬಿರಿಯುವ ಹಿಮ್ಮಡಿಗೆಂದು ಒಂದು ಕುಡಿಕೆ ಬೇರೆ ಇಟ್ಟಿರಬೇಕು. ಹಾಗೆಯೇ ಜೂನ್ ತಿಂಗಳ ಶಾಲೆಯ ಖರ್ಚಿಗೆ ಪುಷ್ಯ ಮಾಸದಲ್ಲೇ ಹೊಂದಿಸುತ್ತಿದ್ದರು. ಪಕ್ಕದ ಊರಲ್ಲಿ ಯಾರ ಮಕ್ಕಳು ಯಾವ ತರಗತಿ ದಾಟುತ್ತಿದ್ದಾರೆ ಎಂಬುದು ಅವರಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆ ಮುಗಿದ ದಿನವೇ ಹೋಗಿ ಅವರ ಹಳೆಯ ಪುಸ್ತಕಗಳನ್ನು ಎರಡು ಸೇರು ಅವರೆಕಾಳಿಗೋ, ಒಂದು ಕುಂಬಳಕಾಯಿಗೋ ತಂದುಬಿಡುತ್ತಿದ್ದರು.

ಇಷ್ಟೆಲ್ಲ ಅವಸರ ಏಕೆ ಎಂದು ಹೊಸದರಲ್ಲಿ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಮಾವ ಕೆಟ್ಟವರಲ್ಲ. ಆದರೆ ಏನು ಕೇಳಿದರೂ ಅವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ. “ಈಗ ಎಲ್ಲೈತೆ?” ಶಾಲೆ ಶುರುವಾಗುವುದೂ ಬಿತ್ತನೆಗೆ ಕೈ ಬರಿದಾಗುವುದೂ ಒಂದೇ ಹೊತ್ತಿಗೆ. ಆಗ ಹೋಗಿ ಕೇಳಿದರೆ ಯಾರಾದರೂ ಹೇಳುವುದು ಅದನ್ನೇ. ನಾನೊಮ್ಮೆ ಬೊಂತೆ ಹೊಲಿಯುತ್ತ ಕೇಳಿದ್ದಕ್ಕೆ ಅತ್ತೆ ಹೇಳಿದರು:

“ವಾದ ಮಾಡಿ ಗೆಲ್ಲಾಕೆ ನಮ್ ಕೈಲಾದಾತಾ ಅಮ್ಮಿ? ಅವ್ರು ಎಲ್ಲೈತೆ ಅನ್ನಾಗ ಇಲ್ಲೈತೆ ಅಂತ ಮುಂದಿಕ್ಬೇಕು. ಅಷ್ಟೇಯ.”

ನಿಮ್ಮ ತಾತ ಓದಿದ್ದು ಹಾಗೆ. ನಿಮ್ಮಮ್ಮ, ನನ್ನ ಒಬ್ಬಳೇ ಮಗಳು, ಎಂಟನೇ ತರಗತಿಯವರೆಗೆ ಬಂದದ್ದೂ ಹಾಗೆಯೇ.

ಮುಂದೆ ಹೈಸ್ಕೂಲಿಗೆ ಹೊಳೆನರಸೀಪುರಕ್ಕೇ ಹೋಗಬೇಕು. ಅರವತ್ತನೇ ಇಸವಿಯ ಆಚೀಚೆ ನಮ್ಮೂರಿಂದ ಒಬ್ಬ ಹೆಣ್ಣುಮಗಳೂ ಹೋಗಿರಲಿಲ್ಲ. ಪೇಟೆಯಲ್ಲಿ ನನ್ನ ದೊಡ್ಡಮ್ಮನ ಮನೆಯಿತ್ತು. ಇರಲು ಜಾಗ ಕೊಡುತ್ತೇನೆ, ಹೊದೆಯುವುದನ್ನೂ ಉಣ್ಣುವ ರಾಗಿಯನ್ನೂ ನೀವೇ ಕಳಿಸಿ ಎಂದಿದ್ದರು ದೊಡ್ಡಮ್ಮ. ಜೊತೆಗೆ ಫೀಜು, ಪುಸ್ತಕ, ಎರಡು ಜೊತೆ ಲಂಗ ದಾವಣಿ. “ಈ ಸಲದ ಅಕ್ಕಡಿ ಪೂರಾ ಚೌಕದ ಗುಡಾಣಕ್ಕೇ” ಎಂದು ಅತ್ತೆ ಒಂದು ವರ್ಷ ಮುಂಚೆಯೇ ಹೇಳಿಬಿಟ್ಟರು.

ಆ ವರ್ಷವೇ ನನ್ನಿಂದ ತಪ್ಪಾಯಿತು.

ಆಷಾಢದಲ್ಲಿ ಬಿತ್ತನೆ. ಅತ್ತೆ ತಮ್ಮ ತಂಗಿಗೆ ಕಾಯಿಲೆಯೆಂದು ಕಟ್ಟಾಯದ ಕಡೆಗೆ ಹೋಗಿದ್ದರು. ಹದ ತಪ್ಪುತ್ತದೆಂದು ಮಾವ ಕಾಯಲಿಲ್ಲ. ಎತ್ತು ಹೊಡೆಯುವವರು ಮಾವ. ಬಿತ್ತುವ ಕೂರಿಗೆಯ ಬಟ್ಟಲಿಗೆ ರಾಗಿ ಬಿಡುವವರು ನಿಮ್ಮ ತಾತ. ಕೂರಿಗೆಯ ಹಿಂದೆ ಹಗ್ಗ ಕಟ್ಟಿ ಎಳೆಯುವ ಬಿದಿರಿನ ಕೊಳವೆಗೆ ಸಡ್ಡೆ ಎನ್ನುತ್ತಾರೆ. ಆ ಸಡ್ಡೆಯನ್ನು ಹಿಡಿದು, ಮಡಿಲಿನಿಂದ ಅಕ್ಕಡಿ ಕಾಳು ತೆಗೆದು ಅದರೊಳಕ್ಕೆ ಬಿಡುತ್ತ ನಡೆಯುವವಳು ನಾನು. ಪ್ರತಿವರ್ಷ ಅದು ಅತ್ತೆಯ ಕೆಲಸ.

ಮೊದಲ ನಾಲ್ಕು ಸಾಲು ಚೆನ್ನಾಗಿಯೇ ಆಯಿತು. ಆಮೇಲೆ ಹೊಲದ ತಗ್ಗಿನ ಕಡೆ ಬಂದೆವು. ಅಲ್ಲಿ ನೆಲ ಜಿಗುಟು. ಸಡ್ಡೆಯ ಬಾಯಿಗೆ ಮಣ್ಣು ಮೆತ್ತಿಕೊಂಡಿತು. ಕಾಳು ಕೆಳಗೆ ಬೀಳದೆ ಕೊಳವೆ ತುಂಬಿ ಮೇಲಕ್ಕೆ ಬಂತು. ಎತ್ತು ನಡೆಯುತ್ತಲೇ ಇವೆ. “ನಿಲ್ಸಿ” ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಆದರೆ ಸೊಸೆಯಾದವಳು ಮಾವನನ್ನು ಕೂಗಿ ಮಾತಾಡಿಸುವುದುಂಟೇ? ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರೆದುರು ನಾನು ಒಂದು ಮಾತೂ ಆಡಿದವಳಲ್ಲ. ಅವರ ಮುಂದೆ ಗಂಡನ ಜೊತೆ ಮಾತಾಡುವುದಂತೂ ಇನ್ನೂ ನಾಚಿಕೆಗೇಡು. ಸಾಲಿನ ತುದಿಯಲ್ಲಿ ಎತ್ತು ತಿರುಗುವಾಗ ಕಡ್ಡಿಯಿಂದ ಮಣ್ಣು ತೆಗೆಯುವೆ. ನಾಲ್ಕು ಮಾರು ನಡೆಯುವಷ್ಟರಲ್ಲಿ ಮತ್ತೆ ಕಟ್ಟುತ್ತದೆ. ಬಳೆ ಕುಲುಕಿಸಿದೆ, ಕೆಮ್ಮಿದೆ. “ಮಳೇಲಿ ನೆನ್ದು ಕೆಮ್ಮು ಬಂದೈತೆ, ಮನೇಗೋಗಿ ಕಷಾಯ ಕುಡೀಲಿ” ಎಂದು ಮಾವ ಎತ್ತಿಗೆ ಹೇಳಿದಂತೆ ಹೇಳಿ ಮುಂದೆ ನಡೆದರು. ಹೊಲದ ಮುಕ್ಕಾಲು ಭಾಗ ಅಕ್ಕಡಿ ಸಾಲು ಖಾಲಿಯೇ ಉಳಿಯಿತು. ಮಡಿಲಲ್ಲಿ ಮಿಕ್ಕ ಕಾಳನ್ನು ಯಾರಿಗೂ ಕಾಣದಂತೆ ತಂದು ಮತ್ತೆ ಬಿತ್ತನೆಯ ಮಡಕೆಗೆ ಸುರಿದೆ.

ಹದಿನೈದು ದಿನದ ಮೇಲೆ ಅತ್ತೆ ಬಂದರು. ಕೈಕಾಲು ತೊಳೆದು ಕೋಣೆಗೆ ಹೋಗಿ ಮಡಕೆ ಸರಿಸಿದವರು ಹಾಗೇ ನಿಂತರು.

“ಏನಮ್ಮಿ ಇದು? ಒಲಕ್ಕೋದ ಕಾಳು ನನ್ಗಿಂತ ಮುಂಚೇನೇ ಮನೇಗ್ ಬಂದ್ಬುಟ್ಟೈತೆ! ಬಿತ್ತಾಕ್ ಮುಂಚೆ ಸುಗ್ಗಿ ಆಗೋಯ್ತಾ?”

ನಾನು ಅಳುತ್ತ ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಮಡಕೆಯನ್ನು ಮತ್ತೆ ಗೋಡೆಗೆ ಸರಿಸಿ, “ನಿಲ್ಸಿ ಅನ್ನಾಕೆ ಎಷ್ಟೊತ್ತು ಬೇಕಮ್ಮಿ?” ಎಂದಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನ ನಸುಕಿಗೇ ಎಬ್ಬಿಸಿದರು. ಹಸಿರಾಗಿ ಎದ್ದಿದ್ದ ರಾಗಿಯ ನಡುವೆ ಖಾಲಿ ಸಾಲುಗಳು ತಲೆಯ ಬೈತಲೆಯಂತೆ ಕಾಣುತ್ತಿದ್ದವು. “ಅಳ್ಳಿಗೆ ಕಾಲ ಮೀರೋಯ್ತು, ಉಚ್ಚೆಳ್ಳೂ ಬ್ಯಾಡ. ಅವ್ರೆ ಒಂದೇಯ ನಮ್ಮನ್ನ ಉಳ್ಸಾದು. ಅದನ್ನ ಯಾವಾಗ್ ಊರಿದ್ರೂ ಮಂಜು ಬಿದ್ದಾಗ್ಲೇ ಊ ಬಿಡ್ತದೆ” ಎಂದರು. ಚೂಪು ಕೋಲಿನಿಂದ ಅವರು ಗುಣಿ ಚುಚ್ಚುವುದು, ನಾನು ಎರಡೆರಡು ಕಾಳು ಹಾಕಿ ಮಣ್ಣು ಎಳೆಯುವುದು. ಕುಕ್ಕರುಗಾಲಲ್ಲಿ ಕೂತು ಇಡೀ ಹೊಲವನ್ನು ಆರು ದಿನ ತೆವಳಿದೆವು. ಆರನೆಯ ದಿನ ಅತ್ತೆಗೆ ಮೊಣಕಾಲು ಊದಿ ಏಳಲಾಗಲಿಲ್ಲ. ನಾನೇ ಹೊತ್ತಂತೆ ಮನೆಗೆ ಕರೆತಂದೆ. ಆ ನೋವು ಮುಂದೆ ಅವರನ್ನು ಪೂರ್ತಿ ಬಿಡಲೇ ಇಲ್ಲ.

ಅವರೆಬೆಳೆ ಅತ್ತೆಯ ಮಾತು ಉಳಿಸಿತು. ರಾಗಿ ಕೊಯ್ದ ಮೇಲೆ ಹೊಲದ ತುಂಬ ಅದೇ ಹಬ್ಬಿಕೊಂಡು, ಮಾಗಿಯ ಮಂಜಿನಲ್ಲಿ ಊರಿಗೆಲ್ಲ ಸೊಗಡಿನ ವಾಸನೆ ಬರುವಂತೆ ಕಾಯಿ ಬಿಟ್ಟಿತು. ಹಸಿಕಾಯಿ ಹೊಳೆನರಸೀಪುರದ ಸಂತೆಗೆ ಹೋಯಿತು, ಒಣಗಿದ ಕಾಳು ಗುಡಾಣಕ್ಕೆ. ನಾವು ಆ ವರ್ಷ ಹಿತಕವರೆ ಸಾರು ಉಂಡದ್ದು ಸಂಕ್ರಾಂತಿಯ ದಿನ ಒಂದೇ ಸಲ.

ಜೂನ್ ಬಂತು. ನಾಳೆ ಶಾಲೆಗೆ ಸೇರಿಸುವ ದಿನ ಎನ್ನುವಾಗ ನಿಮ್ಮ ತಾತ ಜಗಲಿಯಲ್ಲಿ ಮೆಲ್ಲಗೆ ಮಾತು ತೆಗೆದರು. ಮಾವ ಎಲೆಗೆ ಸುಣ್ಣ ಸವರುತ್ತ, “ಈಗ ಎಲ್ಲೈತೆ?” ಎಂದರು.

ಅತ್ತೆ ಕುಂಟುತ್ತ ಒಳಗೆ ಹೋಗಿ ಒಂದೊಂದನ್ನೇ ತಂದು ಅವರ ಮುಂದೆ ಇಟ್ಟರು. ಬೊಂತೆ, ಕಂಬಳಿ, ಒಂದು ಮೂಟೆ ರಾಗಿಹಿಟ್ಟು, ಲಂಗ ದಾವಣಿ, ಬಟ್ಟೆಯಲ್ಲಿ ಸುತ್ತಿದ ಹಳೆಯ ಪುಸ್ತಕಗಳು, ಫೀಜಿನ ಗಂಟು, ಹಿಮ್ಮಡಿಯ ಎಣ್ಣೆಯ ಕುಡಿಕೆ ಕೂಡ. ಇಟ್ಟು, ಕಂಬಕ್ಕೆ ಒರಗಿ ನಿಂತರು. ಮಾವ ಎಲ್ಲವನ್ನೂ ನೋಡಿದರು. ಎಲ್ಲಿದೆ ಎಂದು ಕೇಳಲು ಇನ್ನೇನೂ ಉಳಿದಿರಲಿಲ್ಲ. ಆಗ ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಹೇಳಿದರು:

“ಐತೆ ಅಂತ ಕಳ್ಸಾಕಾಯ್ತದಾ? ಹೆಣ್ಮಗ. ಓದಿದ್ದು ಸಾಕು, ಇಲ್ಲಿಗೇ ನಿಲ್ಸಾನ.”

ಅತ್ತೆ ಎಷ್ಟು ಮುಂಚಿನಿಂದ ಹೊಂದಿಸಿದ್ದರೂ ಈ ಮಾತಿಗೆ ಅವರಲ್ಲಿ ಏನೂ ಹೊಂದಿಸಿ ಇಟ್ಟಿರಲಿಲ್ಲ. ನಿಮ್ಮ ತಾತ ನೆಲ ನೋಡುತ್ತಿದ್ದರು. ಬಾಗಿಲ ಒಳಗೆ ನಿಮ್ಮಮ್ಮ ನನ್ನ ಸೆರಗು ಹಿಡಿದುಕೊಂಡಿದ್ದಳು. ಅತ್ತೆ ಮಾವನ ಕಡೆ ನೋಡಲಿಲ್ಲ. ಕತ್ತು ತಿರುಗಿಸಿ, ಬಾಗಿಲ ಮರೆಯಲ್ಲಿದ್ದ ನನ್ನನ್ನು ನೋಡಿದರು. ಸಡ್ಡೆ ಕಟ್ಟಿಕೊಂಡ ದಿನ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಲ್ಲೇ ಇತ್ತು. ನಾನು ಹೊಸಿಲ ಈಚೆಗೆ ಬಂದೆ.

“ನಿಲ್ಸಬ್ಯಾಡಿ ಮಾವ.”

ಅಷ್ಟೇ. ಮಾವ ಎಲೆ ಅಗಿಯುವುದನ್ನು ಮರೆತು ನನ್ನನ್ನೇ ನೋಡಿದರು. ಆಮೇಲೆ ಅತ್ತೆಯನ್ನು ಕೇಳಿದರು:

“ಇವ್ಳಿಗೆ ಮಾತ್ ಬತ್ತದಾ?”

“ಬತ್ತದೆ ಕಣೇಳಿ. ಒಂದ್ ವರ್ಸ ತಡ ಆಯ್ತು. ಆವತ್ತೇ ಬಂದಿದ್ರೆ ನನ್ ಮೊಣಕಾಲು ಉಳೀತಿತ್ತು.”

ಮಾವನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ನಕ್ಕರು. ಎದ್ದು ಹೋಗಿ ಉಗಿದು ಬಂದು ಮಗನಿಗೆ, “ಒತ್ತಾರೆ ಗಾಡಿ ಕಟ್ಲಾ. ಮೂಟೆ ಹೊತ್ಕೊಂಡು ಮಗ ನಡ್ಯಾಕಾಯ್ತದಾ?” ಎಂದರು.

ಮುಂದಿನದು ನಿಮಗೆ ಗೊತ್ತೇ ಇದೆ. ನಿಮ್ಮಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ, ನರ್ಸ್ ತರಬೇತಿ ಮಾಡಿ, ಚನ್ನರಾಯಪಟ್ಟಣದ ಆಸ್ಪತ್ರೆಗೆ ಸೇರಿದಳು. ಮೊದಲ ಸಂಬಳದಲ್ಲಿ ಅಜ್ಜಿಗೆ ಉಣ್ಣೆಯ ಶಾಲು ತಂದಳು. ಅತ್ತೆ ಅದನ್ನು ಮುಟ್ಟಿ ನೋಡಿ, “ಯಾವ್ ತಿಂಗ್ಳಲ್ಲಿ ತಕ್ಕೊಂಡೆ?” ಎಂದು ಕೇಳಿದರು. ಪುಷ್ಯ ಎಂದಾಗ, “ಮೋಸ ಓದೆ ಕಣ್ ಮಗ” ಎಂದರು. ಆದರೂ ಅದನ್ನು ಹೊದ್ದುಕೊಂಡೇ ಮಲಗುತ್ತಿದ್ದರು.

ಮಾರನೇ ವರ್ಷದ ಮಾಗಿಯಲ್ಲಿ, ಅವರೆ ಹೂ ಬಿಟ್ಟಿದ್ದಾಗ, ನಾಲ್ಕು ದಿನ ಜ್ವರ ಬಂದು ತೀರಿಕೊಂಡರು. ತಿಥಿ ಕಳೆದ ಮೇಲೆ ನಾನು ಕೋಣೆಗೆ ಹೋಗಿ ಚೌಕದ ಗುಡಾಣ ಅಲುಗಿಸಿ ನೋಡಿದೆ. ಅಲುಗಲಿಲ್ಲ. ಸಗಣಿ ಕಿತ್ತು ನೋಡಿದರೆ ಬಾಯಿಯವರೆಗೆ ಹರಳು, ಮೇಲೆ ಬೇವಿನ ಸೊಪ್ಪು. ಆಗ ಮನೆಯಲ್ಲಿ ಶಾಲೆಗೆ ಹೋಗುವವರು ಒಬ್ಬರೂ ಇರಲಿಲ್ಲ. ನಿಮ್ಮಮ್ಮನಿಗೆ ಮದುವೆಯೂ ಆಗಿರಲಿಲ್ಲ. ಯಾರಿಗೆಂದು ಇದನ್ನು ತುಂಬಿದರೋ ಎಂದುಕೊಂಡೆ. ಆಮೇಲೆ ಮೊದಲಿನಂತೆಯೇ ಸಗಣಿ ಮೆತ್ತಿದೆ. ಅಲ್ಲಿಂದ ಪ್ರತಿವರ್ಷ ನಾನು ತುಂಬುತ್ತ ಬಂದೆ. ಶೋಭಾ, ನಿನ್ನ ಮೊದಲ ಸ್ಲೇಟು ಬಂದದ್ದು ಆ ಗುಡಾಣದಿಂದ. ರವಿ, ನಿನ್ನದೂ.

ಈ ಹಾಳೆಗಳ ನಡುವೆ ನಾಲ್ಕು ಒಣ ಬೇವಿನೆಲೆ ಇಟ್ಟಿದ್ದೇನೆ, ಕಸವೆಂದು ಒದರಿಬಿಡಬೇಡಿ. ಗೆದ್ದಲು ಹತ್ತದ ಜಾಗ ನೋಡಿ ಮೇಲೆ ಎತ್ತಿಡಿ. ಇದನ್ನು ಕೇಳಿಕೊಂಡು ಬರುವವರು ಇನ್ನೂ ಹುಟ್ಟಿರಲಿಕ್ಕಿಲ್ಲ, ಆದರೂ ಇಟ್ಟಿರಿ.