ಜಗ್ಗಿ ನೋಡುವುದು

ಗಂಡನ ಕೈ ನಡುಗುತ್ತಿದೆ ಎಂದು ನನಗೆ ಮೊದಲು ಗೊತ್ತಾಗಿದ್ದು ಅವರ ಹಣೆ ನೋಡಿ. ಬೆಳಿಗ್ಗೆ ಪೂಜೆ ಮುಗಿಸಿ ಮೂರು ಬೆರಳಿನಿಂದ ಎಳೆದುಕೊಳ್ಳುವ ವಿಭೂತಿ ಯಾವತ್ತೂ ನೆಟ್ಟಗಿರುತ್ತಿತ್ತು. ಅವತ್ತು ಮೂರೂ ಗೆರೆ ಅಲುಗಿದ್ದವು. ಅವಸರದಲ್ಲಿ ಹಚ್ಚಿಕೊಂಡಿದ್ದಾರೆ ಅಂದುಕೊಂಡು ಸೆರಗಿನ ತುದಿಯಿಂದ ತಿದ್ದಿ ಕಳಿಸಿದೆ. ಮರುದಿನವೂ ಹಾಗೇ ಇತ್ತು. ಅದರ ಮರುದಿನ ನಾನು ತಿದ್ದಲು ಹೋಗಲಿಲ್ಲ.

ನಮ್ಮದು ಶಹಾಪುರದಲ್ಲಿ, ಸುರಪುರಕ್ಕೆ ಹೋಗುವ ರಸ್ತೆಯ ಮೇಲೆ ಒಂದು ಸಣ್ಣ ಅಂಗಡಿ. ಕಾರು, ಜೀಪುಗಳ ವೈರಿಂಗ್ ಕೆಲಸ. ಗಾಡಿಯೊಳಗೆ ತಲೆ ಹಾಕಿಕೊಂಡು ಅವರು, ಮುಂದೆ ಬಲ್ಬು, ಫ್ಯೂಸು ಮಾರುತ್ತ ನಾನು. ಮದುವೆಯಾಗಿ ರಂಗಂಪೇಟೆಯಿಂದ ಬಂದಾಗ ನನಗೆ ಪ್ಲಸ್ಸು ಯಾವುದು, ಮೈನಸ್ಸು ಯಾವುದು ತಿಳಿಯುತ್ತಿರಲಿಲ್ಲ. ವೈರು ಹಿಡಿಯಲು ಇನ್ನೊಂದು ಕೈ ಬೇಕಾದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ಹಿಡಿಯುತ್ತ ಹಿಡಿಯುತ್ತ ಕಲಿತೆ.

ಅವರು ಸೋಲ್ಡರಿಂಗಿನ ಮನುಷ್ಯ. ತುಂಡಾದ ವೈರಿನ ಎರಡು ತುದಿ ಹೊಸೆದು, ಕೆಳಗೆ ಕಾದ ಕಡ್ಡಿ ಹಿಡಿದು, ಮೇಲಿಂದ ಸೀಸದ ತಂತಿ ಮುಟ್ಟಿಸಿದರೆ ಅದು ನೀರಾಗಿ ಎಳೆ ಎಳೆಗೂ ಇಳಿಯುತ್ತಿತ್ತು. ಅಂಗಡಿ ತುಂಬ ರಾಳದ ಹೊಗೆ. ಆಮೇಲಾಮೇಲೆ ಊರಿನ ಉಳಿದವರೆಲ್ಲ ಕ್ರಿಂಪಿಂಗಿಗೆ ಹೊರಳಿದರು. ವೈರಿನ ತುದಿಗೆ ತಾಮ್ರದ ಸಣ್ಣ ಕೊಳವೆ ತೊಡಿಸಿ, ಇಕ್ಕಳದಂಥ ಪಕ್ಕಡದಲ್ಲಿ ಒತ್ತಿದರೆ ಮುಗಿಯಿತು. ಬೆಂಕಿ ಬೇಡ, ಕರೆಂಟು ಬೇಡ. ನನ್ನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಹಿಂಡಿ ಕೂಡಿಸಿದ್ದು ಜಾಯಿಂಟ್ ಏನು? ಇವತ್ತಿಲ್ಲ ನಾಳಿ ಸಡ್ಲ ಆಗ್ತದ. ಕರಗಿ ಕೂಡಿದ್ದು ಬಿಡಂಗಿಲ್ಲ" ಅನ್ನುತ್ತಿದ್ದರು.

ಗಿರಾಕಿಗಳೂ ಸುಮ್ಮನಿರುತ್ತಿರಲಿಲ್ಲ. ಸೀಸ ಕುಡಿದ ವೈರು ಬಿರುಸಾಗುತ್ತದೆ, ಗಾಡಿ ಕುಲುಕಿದರೆ ಸೀಸ ಮುಗಿಯುವ ಜಾಗದಲ್ಲೇ ಮುರಿಯುತ್ತದೆ ಎಂದು ವಾದಿಸುತ್ತಿದ್ದರು. ಅದೂ ಸುಳ್ಳಲ್ಲ. ವನದುರ್ಗದ ಕಡೆಯ ಹಳ್ಳಿರಸ್ತೆಗಳಲ್ಲಿ ಓಡಾಡುವ ಜೀಪುಗಳು ಕುಲುಕುವುದು ಅಷ್ಟಿಷ್ಟಲ್ಲ. ಅದಕ್ಕೇ ಇವರು ಜಾಯಿಂಟಿನ ಎರಡೂ ಬದಿಗೆ ವೈರನ್ನು ಬಿಗಿದು ಕಟ್ಟಿ, ಅದು ಅಲುಗಾಡದಂತೆ ಮಾಡಿ ಕಳಿಸುತ್ತಿದ್ದರು. ನಮ್ಮ ಕೆಲಸ ತಿರುಗಿ ಬಂದದ್ದು ಕಡಿಮೆ.

ಕೈ ನಡುಗತೊಡಗಿದ ಮೇಲೆ ಸೀಸದ ಹನಿ ಬೀಳಬೇಕಾದಲ್ಲಿ ಬೀಳಲಿಲ್ಲ. ಪಕ್ಕದ ವೈರುಗಳ ಮೇಲೆ ಬಿತ್ತು, ಒಬ್ಬರ ಸೀಟಿನ ಮೇಲೆ ಬಿತ್ತು, ಅವರದೇ ತೊಡೆಯ ಮೇಲೂ ಬಿತ್ತು. ಒಂದು ದಿನ ವೈರು ಹಿಡಿದಿದ್ದ ನನ್ನ ಬೆರಳಿಗೆ ಕಾದ ಕಡ್ಡಿ ತಾಗಿತು. ನಾನು ಹಲ್ಲು ಕಚ್ಚಿ ವೈರು ಬಿಡದೆ ಹಿಡಿದೆ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಎಡಗೈಯಲ್ಲಿ ಬಡಿಯುತ್ತಿದ್ದುದನ್ನು ಕಂಡು ಬಲಗೈ ಹಿಡಿದೆಳೆದು ನೋಡಿದರು. ಬೊಕ್ಕೆ ಎದ್ದಿತ್ತು. ಮರುದಿನ ಸೋಲ್ಡರಿಂಗ್ ಕಡ್ಡಿಯ ವೈರು ಸುತ್ತಿ ಅಟ್ಟದ ಮೇಲಿಟ್ಟರು.

ಯಾದಗಿರಿಯ ಡಾಕ್ಟರು ಅವರನ್ನು ನಡೆಸಿ ನೋಡಿದರು, ಬೆರಳು ಮಡಚಿಸಿ ನೋಡಿದರು. "ಇದು ಹೋಗೂ ಬ್ಯಾನಿ ಅಲ್ಲಮ್ಮ. ಗುಳಿಗಿ ಕೊಟ್ಟು ತಡದು ಹಿಡೀಬಹುದು, ಅಷ್ಟ" ಅಂದರು. ಜೊತೆಗೆ ಒಂದು ಮೆತ್ತನೆಯ ಚೆಂಡು ತಗೊಂಡು ದಿನಾ ಹಿಸುಕಿರಿ ಅಂದರು. ಗಾಡಿಗೆ ಗಾಡಿಯನ್ನೇ ಬಿಚ್ಚಿ ಜೋಡಿಸಿದ ಕೈಗೆ ಚೆಂಡು ಕೊಡುತ್ತೀರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರ ತಪ್ಪೇನಿಲ್ಲ, ಗೊತ್ತು. ಆದರೂ ಉರಿಯಿತು.

ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ನನ್ನವರು ತಲೆ ತಗ್ಗಿಸಿಕೊಂಡೇ ಕೇಳಿದರು: "ಕ್ರಿಂಪಿಂಗಿಗೆ ಕೈ ನೆಟ್ಟಗ ನಿಲ್ಲಬೇಕಂತೇನಿಲ್ಲ, ಹೌದಿಲ್ಲೋ? ಪಕ್ಕಡದ ಬಾಯಾಗ ಇಟ್ಟು ಒತ್ತಿದ್ರ ಆತು."

"ಹೌದ್ರಿ, ಒತ್ತೂದಷ್ಟ" ಅಂದೆ. ನನಗಂತೂ ಹೋದ ಜೀವ ಬಂದಂತಾಯಿತು. ಬಸ್ಸು ಹತ್ತುವ ಮೊದಲೇ ಅಂಗಡಿ ಹುಡುಕಿ ಒಳ್ಳೆಯ ಪಕ್ಕಡ ಕೊಡಿಸಿದೆ. ಪೂರ್ತಿ ಒತ್ತುವ ತನಕ ಬಾಯಿ ಬಿಡದ ಜಾತಿಯದು. ಅರೆಬರೆ ಕೆಲಸಕ್ಕೆ ಅದು ಒಪ್ಪುವುದೇ ಇಲ್ಲ ಎಂದು ಅಂಗಡಿಯವನು ಹೊಗಳಿದ.

ಕೆಲವು ಕಾಲ ಚೆನ್ನಾಗಿ ನಡೆಯಿತು. ಜೀವನವಿಡೀ ಬೈದ ಕೆಲಸವನ್ನು ಅಚ್ಚುಕಟ್ಟಾಗಿ ಕಲಿತರು. ಒಂದು ನೇಮವನ್ನೂ ಮಾಡಿಕೊಂಡರು: ಒತ್ತಿದ ಮೇಲೆ ವೈರನ್ನು ಜಗ್ಗಿ ನೋಡಬೇಕು. ಸರಿಯಾಗಿ ಕೂತಿದ್ದರೆ ಬರುವುದಿಲ್ಲ, ಇಲ್ಲದಿದ್ದರೆ ಕೈಗೆ ಬಂದುಬಿಡುತ್ತದೆ. ಜಗ್ಗಿ, "ಗಟ್ಟಿ ಅದ" ಅಂದ ಮೇಲೆಯೇ ಅದು ಗಾಡಿಗೆ ಹೋಗಬೇಕು. ಆ ಮಾತು ಕೇಳಿದಾಗಲೆಲ್ಲ ನಾನು ಒಳಗೊಳಗೇ ಶಿವನಿಗೆ ಕೈ ಮುಗಿಯುತ್ತಿದ್ದೆ.

ಆಮೇಲೆ ಬೆರಳ ಬಲವೂ ಇಳಿಯಿತು. ಒಮ್ಮೆ ಗಿರಾಕಿಯ ಎದುರೇ ಪಕ್ಕಡ ಅರ್ಧಕ್ಕೆ ನಿಂತಿತು. ಪೂರ್ತಿ ಒತ್ತಲು ಆಗಲಿಲ್ಲ, ಒತ್ತದೆ ಅದು ಬಾಯಿ ಬಿಡಲಿಲ್ಲ. ಗಾಡಿಯ ವೈರನ್ನು ಕಚ್ಚಿಕೊಂಡ ಪಕ್ಕಡ ಹಿಡಿದು, ಬೆವೆತು, ಬಗ್ಗಿ ನಿಂತೇ ಇದ್ದರು. ನಾನು ಹೋಗಿ ನನ್ನ ಎರಡೂ ಕೈ ಅವರ ಕೈ ಮೇಲಿಟ್ಟು ಒತ್ತಿದೆ. ಅವತ್ತೇ ಅದನ್ನು ಮೂಲೆಗೆ ಎಸೆದು ಬೇರೊಂದು ಸಾದಾ ಪಕ್ಕಡ ತಂದರು. ಅದು ಎಷ್ಟು ಕಡಿಮೆ ಒತ್ತಿದರೂ ಬಾಯಿ ಬಿಡುತ್ತಿತ್ತು. ಅರ್ಧ ಒತ್ತಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರು ಜಗ್ಗುವುದನ್ನು ಬಿಟ್ಟಿರಲಿಲ್ಲ. ಆದರೆ ಒತ್ತಲು ಬಲವಿಲ್ಲದ ಕೈಗೆ ಜಗ್ಗಲು ಬಲ ಎಲ್ಲಿಂದ ಬರಬೇಕು? ಅವರ ಕೈಗೆ ಎಲ್ಲ ಜಾಯಿಂಟೂ ಗಟ್ಟಿಯೇ. ಒಂದು ದಿನ ಅವರು ಚಹಾ ಕುಡಿಯಲು ಹೋದಾಗ ಸುಮ್ಮನೆ ಒಂದು ಹಿಡಿದು ಜಗ್ಗಿದೆ. ಹೂವಿನಿಂದ ದಾರ ಜಾರಿದಂತೆ ಕೈಗೆ ಬಂತು. ಇನ್ನೊಂದು ಜಗ್ಗಿದೆ, ಅದೂ ಬಂತು. ಅಲ್ಲೇ ಕೂತು ಅತ್ತೆ. ಆಮೇಲೆ ಮೂಲೆಯಲ್ಲಿದ್ದ ಪಕ್ಕಡ ತಂದು ಎಲ್ಲವನ್ನೂ ಹೊಸದಾಗಿ ಒತ್ತಿಟ್ಟೆ. ಅಂದಿನಿಂದ ಅದೇ ನನ್ನ ಕೆಲಸವಾಯಿತು, ಅವರು ಆಚೆ ಹೋದಾಗ.

ಆದರೆ ಪ್ರತಿಸಲ ಅವರು ಆಚೆ ಹೋಗಬೇಕಲ್ಲ. ಬಳಿಚಕ್ರ ಊರಿನ ಒಬ್ಬ ಬಾಡಿಗೆ ಕಾರಿನವನು ರೇಡಿಯೇಟರ್ ಫ್ಯಾನಿನ ವೈರು ಮಾಡಿಸಿಕೊಂಡು, ಇಂಜಿನ್ನು ಚಾಲೂ ಇಟ್ಟೇ ಅವಸರ ಮಾಡಿ ಹೊರಟುಬಿಟ್ಟ. ಮಧ್ಯಾಹ್ನ ತಿರುಗಿ ಬಂದ. ಸುರಪುರ ಮುಟ್ಟುವ ಮೊದಲೇ ಫ್ಯಾನು ನಿಂತು ಇಂಜಿನ್ನು ಕುದ್ದು, ಒಳಗಿದ್ದ ಬಸುರಿ ಹೆಣ್ಣುಮಗಳು ಬಿಸಿಲಲ್ಲಿ ಇಳಿದು ನಿಲ್ಲಬೇಕಾಯಿತಂತೆ.

"ಅಣ್ಣಾರ, ಇದು ಬಿಚ್ಚ್ಯಾದ ನೋಡ್ರಿ. ಇರ್ಲಿ ಬಿಡ್ರಿ, ಆಗ್ತಿರ್ತದ" ಅಂದ. ಅವನು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ.

ನನ್ನವರು ಆ ವೈರಿನ ತುದಿಯನ್ನು ಬಹಳ ಹೊತ್ತು ನೋಡಿದರು. ಹೊಸ ಕೊಳವೆ ತೊಡಿಸಿ, ಎರಡೂ ಕೈಯಿಂದ, ಮುಖ ಕೆಂಪಾಗುವ ಹಾಗೆ ಒತ್ತಿದರು. ಜಗ್ಗಿದರು. ಬರಲಿಲ್ಲ. ಗಟ್ಟಿ ಅದ ಅನ್ನಲಿಲ್ಲ. ನನ್ನ ಕಡೆ ಚಾಚಿದರು.

"ನೀ ಜಗ್ಗು."

ನಾನು ಹಗುರಾಗಿ ಜಗ್ಗಿದೆ. ಬರಲಿಲ್ಲ.

"ನನ್ನ ಕೈ ಹಂಗ ಜಗ್ಗಬ್ಯಾಡ" ಅಂದರು. "ನಿನ್ನ ಕೈಲೆ ಜಗ್ಗು."

ಎಲ್ಲ ಗೊತ್ತಿತ್ತು ಅವರಿಗೆ. ಎಂದಿನಿಂದ ಗೊತ್ತಿತ್ತೋ. ಕಾರಿನವನು ರಸ್ತೆಯ ಕಡೆ ಮುಖ ತಿರುಗಿಸಿ ನಿಂತ. ನಾನು ಜಗ್ಗಿದೆ, ಬಂತು. ಅವರು ಪಕ್ಕಡವನ್ನು ನನ್ನ ಕೈಗೆ ಕೊಟ್ಟು ಹೋಗಿ ಬಲ್ಬಿನ ಡಬ್ಬಗಳ ಹಿಂದೆ, ನನ್ನ ಜಾಗದಲ್ಲಿ ಕೂತರು.

ಈಗ ಒತ್ತುವುದು ನಾನು. ಊರಿನವರು ಹೊಂದಿಕೊಂಡಿದ್ದಾರೆ, ಕೆಲಸ ಬರುತ್ತದೆ. ಆದರೆ ನೇಮ ಮುರಿದಿಲ್ಲ. ಒತ್ತಿದ ಪ್ರತಿಯೊಂದನ್ನೂ ಜಗ್ಗಿ ನೋಡಲು ಅವರ ಮುಂದೆ ಹಿಡಿಯುತ್ತೇನೆ. ಅವರು ಜಗ್ಗುತ್ತಾರೆ. "ಗಟ್ಟಿ ಅದ" ಅನ್ನುತ್ತಾರೆ. ಆಮೇಲೆ ನಾನು ಗಾಡಿಗೆ ಹಾಕುತ್ತೇನೆ.

ಮೊನ್ನೆ ನನಗೆ ಏನನ್ನಿಸಿತೋ, ಒಂದನ್ನು ಬೇಕಂತಲೇ ಸಡಿಲ ಬಿಟ್ಟೆ. ಪಕ್ಕಡ ಬರೀ ಮುಟ್ಟಿಸಿದೆ, ಅಷ್ಟೆ. ಅದು ಅವರ ಕೈಗೆ ಬರಲಿ, "ಏನ್ ಕೆಲಸ ಮಾಡ್ತಿ ಇದು" ಎಂದು ನಾಲ್ಕು ಜನರ ಎದುರು ನನ್ನನ್ನು ಬೈಯಲಿ ಎಂದು ಆಸೆಯಾಗಿತ್ತು. ಅವರು ಎರಡು ಬೆರಳಲ್ಲಿ ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು.

"ಗಟ್ಟಿ ಅದ" ಅಂದರು.

ನಾನು ಅದನ್ನು ತೆಗೆದುಕೊಂಡು ಗಾಡಿಯ ಆ ಬದಿಗೆ ಹೋಗಿ, ಬೆರಳಿನಿಂದಲೇ ಬಿಚ್ಚಿ, ಮತ್ತೆ ಒತ್ತಿದೆ.