ತಂತಿಯಕ್ಕನ ಬಾಲದ ಡಬ್ಬಿ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಆಸ್ಪತ್ರೆಯ ಹಿಂಬಾಗಿಲ ಮೆಟ್ಟಿಲ ಬಳಿ ಚಪ್ಪಲಿ ಕಳಚಿ, ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಿ, ಡಯಾಲಿಸಿಸ್ ವಾರ್ಡಿನ ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತ ಬರುತ್ತಾರೆ ಆಯಾ. ಹತ್ತು ಹಾಸಿಗೆ. ಪ್ರತಿ ಹಾಸಿಗೆಯ ತಲೆದಿಸೆಗೆ ಕಾವಲುಗಾರನ ಹಾಗೆ ನಿಂತ ಒಂದು ಯಂತ್ರ. ಹಾಸಿಗೆಗೆ ಒಗೆದ ಬಟ್ಟೆ ಬಿಗಿದು, ಕಂಬಳಿ ಮಡಿಸಿಟ್ಟು, ತೂಕದ ಯಂತ್ರವನ್ನು ಬಾಗಿಲ ಹತ್ತಿರಕ್ಕೆ ತಳ್ಳಿದ ಮೇಲೆ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ಹೊರಗೆ ಬರುತ್ತದೆ. ಹಿಂದೆ ಹತ್ತಿ ಇಡುತ್ತಿದ್ದ ಡಬ್ಬಿ. ಈಗ ಅದರ ತುಂಬ ಬಿಳಿ, ಕಪ್ಪು ತುಂಡು ತಂತಿಗಳು. ಒಂದೂ ಗೇಣುದ್ದ ಇಲ್ಲ.

ಅಂಗಡಿಯವರು ಇದಕ್ಕೆ ಅಡಾಪ್ಟರ್ ಅನ್ನುತ್ತಾರೆ. ಒಂದು ತುದಿಯನ್ನು ಫೋನಿನ ಚಾರ್ಜರ್ ತೂತಿಗೆ ತುರುಕಬೇಕು. ಇನ್ನೊಂದು ತುದಿಯ ದುಂಡು ತೂತಿಗೆ ಇಯರ್‌ಫೋನು. ವಾರ್ಡಿನಲ್ಲಿ ಮಾತ್ರ ಇದರ ಹೆಸರು 'ಬಾಲ'. ಆಯಾ ಅವರ ಹೆಸರೂ ಇಲ್ಲಿ ತಂತಿಯಕ್ಕ. ಸಂಬಳದ ಹಾಳೆಯಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

"ಬಾಲ ಎಲ್ಲಾ ಇದಾವಾ ಅಂತ ಬೆಳಿಗ್ಗೇನೇ ನೋಡ್ಕೋಬೇಕು. ಒಂದು ಕಮ್ಮಿ ಆಯ್ತು ಅಂದ್ರೆ ಯಾರೋ ಒಬ್ರು ನಾಲ್ಕು ಗಂಟೆ ಚಾವಣಿ ನೋಡ್ಕೊಂಡೇ ಮಲಗ್ಬೇಕು. ಆ ಚಾವಣೀಲಿ ಏನಿದೆ? ಒಂದು ಫ್ಯಾನು, ಅದೂ ತಿರುಗಲ್ಲ" ಎನ್ನುತ್ತಾರೆ.

ಮೂತ್ರಪಿಂಡ ಕೈಕೊಟ್ಟವರು ನೀರನ್ನೂ ಅಳತೆಯಲ್ಲೇ ಕುಡಿಯಬೇಕು, ವಾರಕ್ಕೆ ಮೂರು ಸಲ ಇಲ್ಲಿಗೆ ಬರಲೇಬೇಕು. ತೋಳಿಗೆ ಎರಡು ದಪ್ಪ ಸೂಜಿ ಹಾಕಿ, ಮೈಯ ರಕ್ತವನ್ನೆಲ್ಲ ಯಂತ್ರದೊಳಗೆ ಹಾಯಿಸಿ, ತೊಳೆದು ವಾಪಸು ಬಿಡಲು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತೂ ಆ ಕೈ ಅಲ್ಲಾಡುವಂತಿಲ್ಲ. ಫೋನು ಜೋರಾಗಿ ಹಾಕುವಂತೆಯೂ ಇಲ್ಲ. ಯಂತ್ರ ಕೂಗಿಕೊಂಡರೆ ಸಿಸ್ಟರುಗಳಿಗೆ ಕೇಳಿಸಬೇಕಲ್ಲ.

ಹಳೆಯ ಫೋನುಗಳಲ್ಲಿ ಇಯರ್‌ಫೋನಿಗೆಂದೇ ಒಂದು ದುಂಡು ತೂತು ಇರುತ್ತಿತ್ತು. ಕತ್ತಲಲ್ಲೂ ತಡಕಾಡಿ ಸಿಕ್ಕಿಸಬಹುದಾಗಿದ್ದ ತೂತು. ಅದು ಯಾರ ಹೊಟ್ಟೆಗೆ ಏನು ಉರಿ ಹಚ್ಚಿತ್ತೋ, ಮುಚ್ಚಿಬಿಟ್ಟರು. ಫೋನು ತೆಳ್ಳಗಾಗಬೇಕಂತೆ. ಈ ತೀರ್ಮಾನ ಮಾಡಿದ ಮಹಾನುಭಾವರನ್ನು ಹಿಡಿದುತಂದು, ತೋಳಿಗೆ ಸೂಜಿ ಹಾಕಿ, ಇಲ್ಲಿ ಒಂದು ಸರದಿ ಮಲಗಿಸಬೇಕು. ತಂತಿಯಿಲ್ಲದ ಆ ಪುಟಾಣಿ ಇಯರ್‌ಫೋನು ಅವರ ಕಿವಿಯಿಂದ ಜಾರಿ ಮಂಚದ ಕೆಳಗೆ ಉರುಳಬೇಕು. ಎದ್ದು ಎತ್ತಿಕೊಳ್ಳಲಾರದೆ ಅವರು ಮಿಕಿಮಿಕಿ ನೋಡಬೇಕು. ಆಗ ಬಗ್ಗಿ ಕಿವಿಯಲ್ಲಿ ಕೇಳಬೇಕು: ತೆಳ್ಳಗಾಯಿತಾ, ಸ್ವಾಮಿ?

ತಂತಿಯಕ್ಕನಿಗೆ ಇಷ್ಟು ಸಿಟ್ಟಿಲ್ಲ. ಆ ಪುಟಾಣಿಗಳ ಗತಿ ಏನಾಗುತ್ತದೆಂದು ಅವರು ಕಣ್ಣಾರೆ ಕಂಡವರು, ಅಷ್ಟೆ. ವಾರ್ಡಿಗೆ ಬರುವ ಮೊದಲು ಅವರಿದ್ದದ್ದು ಇದೇ ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಬೆ, ಬ್ಲೀಚಿನ ಘಾಟು, ಒದ್ದೆ ಬಟ್ಟೆಯ ಹೆಣಭಾರ. ಕೆಮ್ಮು ಎದೆಗೆ ಇಳಿದು ಮಾತಾಡುವುದಕ್ಕೂ ಆಗದ ಸ್ಥಿತಿ ಬಂದಾಗ ಮೇಲಕ್ಕೆ ಕಳಿಸಿದರು. ಅದನ್ನೂ ಉಪಕಾರ ಮಾಡಿದವರ ಗತ್ತಿನಲ್ಲೇ ಮಾಡಿದರು.

"ಹಾಸಿಗೆ ಬಟ್ಟೆ ಮಡಿಕೇಲಿ ಸಿಕ್ಕೊಂಡು ಬರ್ತಿದ್ವು ಅವು, ಮಲ್ಲಿಗೆ ಮೊಗ್ಗಿನ ಥರ. ಬಿಸಿನೀರಲ್ಲಿ ಗಿರಗಿರ ಸುತ್ತಿ, ಸೋಪು ಕುಡಿದು, ಬೆಳ್ಳಗೆ ಹೊರಗೆ ಬರ್ತಿದ್ವು. ಜೀವ ಇರ್ತಿರ್ಲಿಲ್ಲ. ಕಳ್ಕೊಂಡವ್ರು ಕೆಳಗೆ ಓಡಿಬರೋರು. ಕೈಗೆ ಕೊಟ್ಟು ಏನಂತ ಹೇಳ್ಲಿ? ಮಡಿ ಆಗಿದೆ, ತಗೊಳ್ಳಿ ಅಂತಿದ್ದೆ."

ಅದಕ್ಕೇ ವಾರ್ಡಿಗೆ ಬಂದಾಗ ತಂತಿಯ ಪಕ್ಷ ಹಿಡಿದರು. ತಂತಿಯಿದ್ದರೆ ಜಾರಿದರೂ ಎದೆಯ ಮೇಲೇ ಬೀಳುತ್ತದೆ, ಬಿಡುವಿರುವ ಕೈಗೆ ಸಿಗುತ್ತದೆ. ಮೊದಲ ಬಾಲವನ್ನು ಬೀದಿಬದಿಯ ಗಾಡಿಯಲ್ಲಿ ಕೊಂಡು ತಂದರು. ಅದು ಕೆಲಸ ಮಾಡಲಿಲ್ಲ. ಬಾಲಗಳಲ್ಲಿ ಎರಡು ಜಾತಿ. ಒಂದರೊಳಗೆ ಪುಟ್ಟ ಚಿಪ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಚಿಪ್ ಇಲ್ಲದ್ದು ಕೆಲವೇ ಫೋನುಗಳಿಗೆ ಆಗುತ್ತದೆ. "ನೋಡೋಕೆ ಅವಳಿಜವಳಿ. ಒಂದು ಹಾಡುತ್ತೆ, ಒಂದು ಮುನಿಸ್ಕೊಂಡು ಕೂರುತ್ತೆ" ಎನ್ನುವ ತಂತಿಯಕ್ಕ ನಾದಿನಿಯ ಉಗುರು ಬಣ್ಣ ತಂದು ಹಾಡುವ ಬಾಲಕ್ಕೆಲ್ಲ ಕೆಂಪು ಬೊಟ್ಟು ಇಟ್ಟಿದ್ದಾರೆ. ಆಮೇಲೆ ರೋಗಿಗಳ ಮನೆಯವರೇ ತಂದು ಡಬ್ಬಿಗೆ ಹಾಕತೊಡಗಿದರು.

ಬಾಲಕ್ಕೂ ಒಂದು ಐಬಿದೆ. ಅದು ಚಾರ್ಜರಿನ ಜಾಗದಲ್ಲಿ ಕೂತಿರುವಷ್ಟು ಹೊತ್ತು ಫೋನು ಉಪವಾಸ. "ತಿನ್ನೋ ಬಾಯಲ್ಲೇ ಹಾಡ್ಬೇಕಲ್ಲ, ಪಾಪ, ಎರಡೂ ಒಟ್ಟಿಗೆ ಹೆಂಗಾಗುತ್ತೆ?" ಹಾಗಾಗಿ ತೂಕಕ್ಕೆ ನಿಲ್ಲಿಸುವಾಗಲೇ ಫೋನು ಇಸಿದುಕೊಂಡು, ಸೂಜಿ ಹಾಕಿ ಮುಗಿಯುವವರೆಗೆ ಅದರ ಹೊಟ್ಟೆ ತುಂಬಿಸುತ್ತಾರೆ. ಇದು ಯಾವ ಮೇಲಧಿಕಾರಿಯೂ ಹೇಳಿದ ಕೆಲಸವಲ್ಲ. ಹೇಳಿದ್ದು ನೆಲ ಒರೆಸು, ಬಟ್ಟೆ ಬದಲಿಸು ಎಂದು. ಅದನ್ನೂ ಮಾಡುತ್ತಾರೆ.

ಮನೆಯಲ್ಲಿ ಕಿವಿ ಮಂದವಾದ ಅತ್ತೆ, ರಾತ್ರಿಪಾಳಿಯ ಸರಕಿನ ವ್ಯಾನು ಓಡಿಸುವ ಗಂಡ. ಇವರು ಹೊರಡುವಾಗ ಅವರು ಬರುತ್ತಾರೆ. ಹೊಸ್ತಿಲಲ್ಲಿ ಬೀಗದಕೈ ಕೈಬದಲಾಗುತ್ತದೆ, "ಚಹಾ ಮುಚ್ಚಿಟ್ಟಿದೀನಿ" ಎಂಬಲ್ಲಿಗೆ ದಾಂಪತ್ಯ ಮುಗಿಯುತ್ತದೆ. ಉಳಿದ ಮಾತೆಲ್ಲ ಫೋನಿನಲ್ಲಿ ಧ್ವನಿ ಸಂದೇಶ. ತಂತಿಯಕ್ಕ ಬಸ್ಸಿನ ಕಿಟಕಿಗೆ ಒರಗಿ ಅದನ್ನು ಕೇಳುತ್ತಾರೆ. ಅವರ ಫೋನಿಗೆ ಬಾಲ ಬೇಡ. "ನಂದು ಓಬಿರಾಯನ ಕಾಲದ್ದು, ತೂತು ಇದೆ" ಎಂದು ನಗುತ್ತಾರೆ.

ವಾರ್ಡಿನಲ್ಲಿ ಇದೇ ರೀತಿ ಸಂಸಾರ ಮಾಡುವ ಇನ್ನೊಬ್ಬರಿದ್ದಾರೆ. ಬಾಗಿಲ ಪಕ್ಕದ ಹಾಸಿಗೆಯ ಸೀಟಿ ಮಾವ. ನಿವೃತ್ತ ಬಸ್ ಕಂಡಕ್ಟರು. ಆ ಸೀಟಿಗೆ, ಆ ಗಂಟಲಿಗೆ ಇಡೀ ಬಸ್ಸು ಹೆದರುತ್ತಿತ್ತಂತೆ. ಈಗ ಎರಡು ಗಂಟೆ ಕಳೆಯುವಷ್ಟರಲ್ಲಿ "ಸಾಕು, ಬಿಚ್ಚಿ" ಎನ್ನುವ ಆಸಾಮಿ. ಅರ್ಧಕ್ಕೆ ಬಿಚ್ಚಿದರೆ ಮೈಯಲ್ಲಿ ನೀರು ಉಳಿಯುತ್ತದೆ, ಮುಂದೆ ಅದು ಶ್ವಾಸಕೋಶಕ್ಕೆ ಏರುತ್ತದೆ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಅವರನ್ನು ನಾಲ್ಕು ಗಂಟೆ ಹಿಡಿದಿಟ್ಟದ್ದು ಹೆಂಡತಿ. ಆಕೆ ಮನೆಗೆಲಸ ಮಾಡುತ್ತಲೇ ಒಂದರ ಹಿಂದೊಂದು ಧ್ವನಿ ಸಂದೇಶ ಕಳಿಸುತ್ತಾರೆ: ಓಣಿಯ ಸುದ್ದಿ, ಗಂಡನಿಗೆ ಬೈಗುಳ, ಮತ್ತೆ ಓಣಿಯ ಸುದ್ದಿ. ಮಾವ ಕಣ್ಣು ಮುಚ್ಚಿ ಕೇಳುತ್ತ ತಮ್ಮಷ್ಟಕ್ಕೆ ನಗುತ್ತಾರೆ.

ಹೋದ ತಿಂಗಳು ಮಗಳು ಅವರಿಗೆ ಹೊಸ ಫೋನು ಕೊಡಿಸಿದಳು. ತೂತಿಲ್ಲದ್ದು. ಬಿದ್ದರೆ ಒಡೆಯದಿರಲೆಂದು ಎಮ್ಮೆಚರ್ಮದಂಥ ದಪ್ಪ ರಬ್ಬರ್ ಕವರು ಬೇರೆ. ತಂತಿಯಕ್ಕ ಕೆಂಪು ಬೊಟ್ಟಿನ ಬಾಲ ಸಿಕ್ಕಿಸಿದರು. ಹಾಡಿತು. ಆದರೆ ಕವರಿನ ಅಂಚು ಅಡ್ಡವಾಗಿ ಬಾಲ ಪೂರ್ತಿ ಒಳಗೆ ಕೂತಿರಲಿಲ್ಲ. ಕವರು ಬಿಚ್ಚಿ ಹಾಕಬೇಕಿತ್ತು, ಹಾಕಲಿಲ್ಲ.

"ನನ್ನದೇ ತಪ್ಪು. ಅವಸರ. ಪಕ್ಕದವ್ರಿಗೆ ಚಳಿ ಅಂತ ಕಂಬಳಿ ತರೋಕೆ ಓಡಿದೆ."

ಸ್ವಲ್ಪ ಹೊತ್ತಿಗೆ ಬಾಲ ಜಾರಿತು. ಆಗ ತಂತಿಯಕ್ಕ ವಾರ್ಡಿನ ಆ ತುದಿಯಲ್ಲಿ ಸೂಜಿ ತೆಗೆದ ಒಬ್ಬರ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದರು. ಬಿಟ್ಟರೆ ರಕ್ತ ಚಿಮ್ಮುತ್ತದೆ. ಮಾವನ ಫೋನು ಸೂಜಿ ಹಾಕಿದ ಕೈಯ ಕಡೆಗಿತ್ತು, ಇನ್ನೊಂದು ಕೈಗೆ ಎಟುಕುವಂತಿರಲಿಲ್ಲ. ಹತ್ತು ಹಾಸಿಗೆಗೂ ಕೇಳುವಂತೆ ಹೆಂಡತಿಯ ಕಂಠ ಮೊಳಗಿತು:

"ರಾತ್ರಿ ಬಚ್ಚಲಲ್ಲಿ ಕದ್ದು ನೀರು ಕುಡಿದ್ರಲ್ಲ, ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಚೊಂಬು ಒದ್ದೆ ಇತ್ತು! ಆಮೇಲೆ ಕಾಲು ಸೆಳೀತು ಅಂತ ಮಗು ಥರ ಅಳೋದು, ನಾನು ಒತ್ತುತಾ ಕೂರೋದು. ಊರಿಗೆಲ್ಲ ಹುಲಿ, ಮನೇಲಿ ಬೆಕ್ಕಿನಮರಿ. ಅದಿರ್ಲಿ, ಕೇಳಿ. ನೀರಿನ ಮೋಟರು ಯಾರೋ ದಿನಾ ಆರಿಸ್ತಾರೆ ಅಂತಿದ್ವಲ್ಲ? ಇವತ್ತು ಮೆಟ್ಟಿಲ ಕೆಳಗೆ ಅಡಗಿ ಕೂತೆ. ಹೆಜ್ಜೆ ಸಪ್ಪಳ ಕೇಳಿಸ್ತು. ಬಗ್ಗಿ ನೋಡ್ತೀನಿ, ಯಾರು ಅಂತೀರಾ? ಅಯ್ಯೋ, ಅದು ನಮ್ಮ—"

ಅಷ್ಟರಲ್ಲಿ ಹಿರಿಯ ಸಿಸ್ಟರು ಓಡಿಬಂದು ಫೋನು ಆರಿಸಿದರು. ಯಾರೋ ಕಿಸಕ್ಕೆಂದರು. ಮಾವನ ಮುಖ ಸುಟ್ಟ ಬದನೆಕಾಯಿ.

"ಬಿಚ್ಚಿ. ನನ್ನ ಸ್ಟಾಪ್ ಬಂತು. ಇಳಿಸಿಬಿಡಿ" ಎಂದರು. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ಅರ್ಧಕ್ಕೇ ಎದ್ದು ಹೋದರು. ಸಿಸ್ಟರು ತಂತಿಯಕ್ಕನ ಕಡೆ ತಿರುಗಿ, "ಆ ಡಬ್ಬಿ ನಾಳೆಯಿಂದ ಇಲ್ಲಿ ಕಾಣಿಸಬಾರದು" ಎಂದರು.

ಮುಂದಿನ ಸರದಿಗೆ ಬಾಗಿಲ ಪಕ್ಕದ ಹಾಸಿಗೆ ಖಾಲಿ. ಎಳೆದು ಬಿಗಿದ ಬಟ್ಟೆಯ ಮೇಲೆ ಒಂದು ಸುಕ್ಕೂ ಇಲ್ಲ. ತಂತಿಯಕ್ಕ ಮಾವನ ಹೆಂಡತಿಗೆ ಫೋನು ಮಾಡಿದರು.

"ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾರಮ್ಮ. ಉಸಿರು ಗೊರಗೊರ ಅಂತಿದೆ. ನಾಲ್ಕು ಜನರ ಮುಂದೆ ಮಾನ ಹೋಯ್ತು, ಇನ್ನು ಅಲ್ಲಿಗೆ ಕಾಲಿಡಲ್ಲ ಅಂತಾರೆ. ನನ್ನ ಬಾಯಿಗೆ ಬೆಂಕಿ ಹಾಕ!"

"ನಿಮ್ಮ ಬಾಯಲ್ಲಕ್ಕಾ, ನನ್ನ ಕೈ" ಎಂದರು ತಂತಿಯಕ್ಕ.

ಆಮೇಲೆ ಅವರು ಮಾಡಿದ ಕೆಲಸ ಯಾವ ನಿಯಮದಲ್ಲೂ ಇಲ್ಲ. ತಮ್ಮ ಓಬಿರಾಯನ ಫೋನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದರು. "ಸೀಟಿ ಮಾವಂಗೆ ಒಂದು ಮಾತು ಹೇಳಿ" ಎಂದು ಒಬ್ಬೊಬ್ಬರ ಬಾಯಿಯ ಹತ್ತಿರ ಹಿಡಿದರು.

ಬಟ್ಟೆ ಹೊಲಿಯುವ ಟೇಲರು ಶುರು ಮಾಡಿದರು: "ಕಂಡಕ್ಟ್ರೇ, ನಮ್ಮನ್ನೆಲ್ಲ ಅರ್ಧದಾರೀಲಿ ಬಿಟ್ಟು ನೀವೊಬ್ರೇ ಇಳ್ಕೊಂಡು ಹೋದ್ರಲ್ಲ, ಇದು ನ್ಯಾಯಾನಾ?"

ಕಾಲೇಜು ಹುಡುಗಿ ಪಿಸುಗುಟ್ಟಿದಳು: "ತಾತ, ನಾನೂ ಕದ್ದು ನೀರು ಕುಡೀತೀನಿ. ಅಮ್ಮಂಗೆ ಹೇಳ್ಬೇಡಿ."

ಮೀಸೆ ತಿರುವಿಕೊಂಡೇ ಇರುವ ಲಾರಿ ಮಾಲೀಕರು, "ಕಾಲು ಸೆಳೆದಾಗ ನಾನು ಅಳೋದು ಪಕ್ಕದ ಬೀದಿಗೆ ಕೇಳಿಸುತ್ತೆ ಕಣ್ರೀ. ನಿಮ್ಮದೇನು ಮಹಾ" ಎಂದರು.

ಕೊನೆಗೆ ಹಿಂದಿನಿಂದ ಒಂದು ಕೈ ಬಂದು ಫೋನು ಕಿತ್ತುಕೊಂಡಿತು. ಹಿರಿಯ ಸಿಸ್ಟರು. ಸಿಸ್ಟರು ಫೋನನ್ನು ತಮ್ಮ ಬಾಯಿಗೇ ಹಿಡಿದುಕೊಂಡರು: "ಆ ಮೋಟರು ಆರಿಸಿದ್ದು ಯಾರು ಅಂತ ಹೇಳದೆ ಹೋದ್ರೆ ಹೆಂಗ್ರೀ? ಎರಡು ದಿನದಿಂದ ಮನೇಲಿ ಅದೇ ಮಾತು. ಬನ್ನಿ ಬೇಗ."

ಆ ಮಾತುಗಳೆಲ್ಲ ಮಾವನ ಫೋನಿಗೆ ಹೋದವು. ಅವತ್ತು ಮಧ್ಯಾಹ್ನದ ಸರದಿಗೆ ಸೀಟಿ ಮಾವ ಬಂದರು. ಮುಖ ಬಾತು, ಪಾದ ಊದಿ, ಹೆಂಡತಿಯ ಹೆಗಲಿಗೆ ಜೋತುಬಿದ್ದು. ತೂಕದ ಯಂತ್ರದ ಮೇಲೆ ನಿಂತು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, ನಿಲ್ದಾಣದ ಹೆಸರು ಕೂಗುವ ಹಳೆಯ ಗಂಟಲಲ್ಲಿ ಹೇಳಿದರು: "ಓನರ್ರೇ ಕಣ್ರಪ್ಪಾ! ಮನೆ ಓನರ್ರೇ! ಮೋಟರ್ ಸದ್ದಿಗೆ ನಿದ್ದೆ ಬರಲ್ವಂತೆ!" ಬೆಳಗಿನ ಸರದಿ ಮುಗಿಸಿದ ಕಾಲೇಜು ಹುಡುಗಿ ಆ ಉತ್ತರಕ್ಕೆಂದೇ ಮನೆಗೆ ಹೋಗದೆ ಬೆಂಚಿನ ಮೇಲೆ ಕಾದಿದ್ದಳು. ಬಿದ್ದು ಬಿದ್ದು ನಕ್ಕಳು. ಆ ದಿನ ಮಾವ ನಾಲ್ಕು ಗಂಟೆ ಪೂರ್ತಿ ಮಲಗಿದರು. ಡಬ್ಬಿಯ ಮಾತನ್ನು ಸಿಸ್ಟರು ಮತ್ತೆ ಎತ್ತಲಿಲ್ಲ.

ಈಗ ಮಾವನ ಹೆಂಡತಿಗೆ ವಾರ್ಡೆಲ್ಲ ಕೇಳುತ್ತದೆಂದು ಗೊತ್ತು. ಹಾಗಾಗಿ ಬೆಳಗಿನ ಮೊದಲ ಸಂದೇಶದ ಧಾಟಿಯೇ ಬೇರೆ. ಸಿಸ್ಟರು ಗಡಿಯಾರ ನೋಡಿ, "ಎರಡೇ ನಿಮಿಷ" ಎನ್ನುತ್ತಾರೆ. ಮಾವನ ಫೋನಿನಿಂದ ದನಿ ಹೊರಡುತ್ತದೆ: "ಎಲ್ಲರಿಗೂ ನಮಸ್ಕಾರ. ತಿಂಡಿ ಆಯ್ತಾ? ಓನರ್ರು ಇವತ್ತು ಮೋಟರಿಗೆ ಬೀಗ ಹಾಕಿಸಿದಾರೆ, ಬೀಗದಕೈ ಅವರ ಹತ್ರಾನೇ ಇದೆ, ಕೇಳಿದ್ರಾ ಕಥೇನ?" ಹತ್ತು ಹಾಸಿಗೆಯೂ ನಗುತ್ತದೆ. ತಂತಿಯಕ್ಕ ಮಾತ್ರ ನಗದೆ ಮಾವನ ಪಕ್ಕದಲ್ಲಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಲ. ಅವರು ಕಾಯುವುದು ಆಕೆಯ ಮುಂದಿನ ಮಾತಿಗೆ.

"ಸರಿ, ಇನ್ನು ಮಿಕ್ಕಿದ್ದು ನಿಮಗೊಬ್ರಿಗೇ. ಕಿವಿಗೆ ಹಾಕ್ಕೊಳ್ಳಿ."

ಟಕ್ಕೆಂದು ಬಾಲ ಒಳಗೆ ಹೋಗುತ್ತದೆ. ವಾರ್ಡು ಸ್ತಬ್ಧ. ಮಾವ ಕಣ್ಣು ಮುಚ್ಚುತ್ತಾರೆ. ತುಟಿಯ ಅಂಚು ಮೆಲ್ಲಗೆ ಅಲುಗುತ್ತದೆ.

ಆ ಮಿಕ್ಕ ಮಾತು ಏನಿರಬಹುದೆಂದು ಕೇಳಬೇಕು ಅನ್ನಿಸುವುದಿಲ್ಲವೇ?

"ಅನ್ಸುತ್ತೆ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ತಂತಿಯಕ್ಕ, ಮುಂದಿನ ಹಾಸಿಗೆಗೆ ಡಬ್ಬಿ ಹಿಡಿದು ನಡೆಯುತ್ತ. "ಆದ್ರೆ ಅದು ಅವರಿಬ್ರದ್ದು. ಹೊರಗೆ ಚೆಲ್ಲದ ಹಾಗೆ ನೋಡ್ಕೊಳ್ಳೋದಷ್ಟೇ ನಂದು." ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, ಏಪ್ರನ್ನಿನ ಜೇಬಿನಿಂದ ಎಮ್ಮೆಚರ್ಮದಂಥ ಆ ರಬ್ಬರ್ ಕವರು ತೆಗೆದು ತೋರಿಸುತ್ತಾರೆ.

"ನೋಡಿ. ಬಿಚ್ಚಿಟ್ಕೊಂಡಿದೀನಿ."