ನೆಟ್‌ವರ್ಕ್ ಎಷ್ಟು ಸೆಂಟು?

ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ. ಇದು ಚೆನ್ನಾಗಿ ಗೊತ್ತಿದ್ದೂ ನನ್ನ ತಂಗಿ ಎರಡು ವರ್ಷದ ಹಿಂದೆ ನನಗೊಂದು ಪತ್ರಿಕೆಯ ಪುಟದ ಫೋಟೊ ಕಳುಹಿಸಿದಳು. ಅವಳು ದೊಡ್ಡ ನಗರವೊಂದರಲ್ಲಿ ದಿನಾ ಲೋಕಲ್ ರೈಲು ಹತ್ತುವವಳು. ರೈಲಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಯಾವ ಕಂಪನಿಯ ನೆಟ್‌ವರ್ಕ್ ಎಲ್ಲಿಂದ ಎಲ್ಲಿಗೆ ಸರಿಯಾಗಿ ಸಿಗುತ್ತದೆ ಎಂದು ಯಾರೋ ಅಳೆದು ಪಟ್ಟಿ ಮಾಡಿದ್ದರು. ಆ ಫೋಟೊ ನನ್ನ ಫೋನಿನಲ್ಲಿ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ನಮ್ಮ ಬಸ್ಸು ಏಳೆಂಟು ತಿರುವು ದಾಟಿತ್ತು. ನನಗೆ ಸಿಟ್ಟು ಬಂತು. ರೈಲಿನವರದ್ದು ಮಾತ್ರ ಪ್ರಯಾಣವೇ? ಕಕ್ಕಬೆಯಿಂದ ವಿರಾಜಪೇಟೆಗೆ ದಿನಾ ಹೋಗಿಬರುವ ನಮ್ಮನ್ನು ಕೇಳುವವರಾರು? ಯಾರೂ ಕೇಳದಿದ್ದರೆ ನಾನೇ ಅಳೆಯುತ್ತೇನೆ ಎಂದುಕೊಂಡೆ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅಳೆಯುವ ಚಟ ತಂದೆಯಿಂದ ಬಂದದ್ದು. ನಮ್ಮ ಕಡೆ ಕಾಫಿ ತೋಟವಿರುವ ಮನೆಗಳಲ್ಲಿ ಮಳೆ ಅಳೆಯುವ ಮಾಪಕ ಒಂದು ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ನೀರು ಅಳೆದು, ಇಂಚು ಮತ್ತು ಸೆಂಟಿನಲ್ಲಿ ಬರೆದಿಟ್ಟರೇ ದಿನ ಶುರುವಾಗುವುದು. ನೂರು ಸೆಂಟಿಗೆ ಒಂದು ಇಂಚು. ಮಾರ್ಚಿನಲ್ಲಿ ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಬಿದ್ದರೆ ಕ್ಷೇಮಸಮಾಚಾರಕ್ಕಿಂತ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದು ಕೇಳುತ್ತಾರೆ. ತಂದೆಯ ಮಳೆ ಪುಸ್ತಕವೊಂದರಲ್ಲಿ ಕೊನೆಯ ಅರ್ಧ ಖಾಲಿ ಉಳಿದಿತ್ತು. ಅದರಲ್ಲೇ ನೆಟ್‌ವರ್ಕನ್ನೂ ಸೆಂಟಿನಲ್ಲಿ ಬರೆಯತೊಡಗಿದೆ. ವೀಡಿಯೊ ತಡೆಯಿಲ್ಲದೆ ಓಡಿದರೆ ನೂರು ಸೆಂಟು, ಮಾತು ಕೇಳಿಸಿದರೆ ಐವತ್ತು, ಬರೀ ಮೆಸೇಜು ಹೋದರೆ ಇಪ್ಪತ್ತು, ಏನೂ ಇಲ್ಲದಿದ್ದರೆ ಸೊನ್ನೆ.

ಬಸ್ಸಿನಲ್ಲಿ ಮುಖ್ಯವಾಗಿ ಮೂರು ಕಂಪನಿಯ ಸಿಮ್ಮುಗಳಿದ್ದವು. ಅವುಗಳ ಹೆಸರು ನಮಗೆ ಬೇಕಾಗಿರಲಿಲ್ಲ. ಟೀಚರ್ ಸಿಮ್, ನರ್ಸಕ್ಕನ ಸಿಮ್, ಕೋರ್ಟ್ ಸಿಮ್ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ನನ್ನದು ಮೊದಲನೆಯದು. ಎರಡನೆಯದು ಆಸ್ಪತ್ರೆಗೆ ಹೋಗುವ ನರ್ಸಕ್ಕನದು. ಮೂರನೆಯದು ಹಿಂದಿನ ಸಾಲಿನಲ್ಲಿ ಇಸ್ತ್ರಿ ಕೆಡದಂತೆ ನೆಟ್ಟಗೆ ಕೂರುವ ಕೋರ್ಟಿನ ಗುಮಾಸ್ತರದು. ಈ ಗುಮಾಸ್ತರಿಗೂ ನನಗೂ ದಿನಾ ಜಟಾಪಟಿ. ಅವರ ಸಿಮ್ಮಿನಷ್ಟು ಚುರುಕು ಬೇರೆ ಇಲ್ಲ ಎಂದು ಅವರು, ಚುರುಕೇನೋ ಸರಿ, ಅರ್ಧ ದಾರಿಯಲ್ಲಿ ಮಲಗುತ್ತದಲ್ಲ ಎಂದು ನಾನು.

“ನಿಮ್ಮದು ನಿಧಾನ ಟೀಚರ್, ನಮ್ಮ ಕೇಸುಗಳ ಹಾಗೆ,” ಎನ್ನುತ್ತಿದ್ದರು.

“ನಿಧಾನಕ್ಕಾದರೂ ಬರುತ್ತದಲ್ಲ ಸಾರ್, ನಿಮ್ಮದು ವಾಯಿದೆ ಮೇಲೆ ವಾಯಿದೆ,” ಎಂದು ನಾನೂ ಬಿಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಒಂದೂಕಾಲು ಗಂಟೆ ನನ್ನ ದಿನದ ಅತ್ಯಂತ ಸುಖದ ಹೊತ್ತು. ಮನೆಯವರಿಗೆ ಇದನ್ನು ಹೇಳಿಲ್ಲ.

ಡಿಸೆಂಬರಿನಿಂದ ಮೇ ತನಕ ಅಳೆದೆ. ಅಕ್ಕಿ ಗಿರಣಿಯ ಹತ್ತಿರ ನರ್ಸಕ್ಕನದು ಮೇಲು, ಸೇತುವೆಯ ಮೇಲೆ ಗುಮಾಸ್ತರದು, ಶಾಲೆಯ ತಿರುವಿನಿಂದ ಮುಂದೆ ನನ್ನದು. ದೇವರಕಾಡಿನೊಳಗೆ ಮಾತ್ರ ಮೂರೂ ಸೊನ್ನೆ. ಅಲ್ಲಿ ಕೊಂಬೆ ಮುರಿಯಲೂ ಜನ ಹೆದರುತ್ತಾರೆ, ಮರಗಳು ರಸ್ತೆಯ ಎರಡೂ ಕಡೆಯಿಂದ ಬಂದು ಮೇಲೆ ಕೂಡಿಕೊಂಡಿವೆ. ನಾಲ್ಕು ನಿಮಿಷ ಎಲ್ಲರೂ ಫೋನು ಮಡಿಲಲ್ಲಿಟ್ಟು ಕೂರುವುದು ರೂಢಿಯಾಗಿತ್ತು. ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು, ಡ್ರೈವರ್ ಸೀಟಿನ ಹಿಂದಿನ ಹಲಗೆಗೆ ಅಂಟಿಸಿದೆ. ಬಸ್ಸು ಹತ್ತುವವರು ‘ಈಗ ಎಷ್ಟು ಸೆಂಟು?’ ಎಂದು ಕೇಳುವುದು ಶುರುವಾಯಿತು. ನನಗೆ ಬಹಳ ಹೆಮ್ಮೆಯಾಯಿತು.

ಪಟ್ಟಿಯ ಕಡೆ ತಿರುಗಿಯೂ ನೋಡದವರೆಂದರೆ ನಮ್ಮ ಡ್ರೈವರ್ ಒಬ್ಬರೇ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬಸ್ಸು ಹತ್ತಿದೊಡನೆ ತಮ್ಮ ಫೋನನ್ನು ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರೆ ಮತ್ತೆ ತೆಗೆಯುವುದು ವಿರಾಜಪೇಟೆಯ ಸ್ಟ್ಯಾಂಡಿನಲ್ಲಿ. ಅವರ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುವ ಮನೆಗಳಿವೆ. ಅಂಥವರು ಹೋದ ವರ್ಷ ಜುಲೈಯ ಒಂದು ಸಂಜೆ, ಎಲ್ಲರೂ ಇಳಿದ ಮೇಲೆ, ನನ್ನನ್ನು ನಿಲ್ಲಿಸಿದರು.

“ಟೀಚರ್, ಒಂದು ವಿಷಯ ಕೇಳ್ಬೇಕಿತ್ತು. ನಾಳೆ ಬೆಳಿಗ್ಗೆ ಮಗಳ ಮ್ಯಾಚು. ಫೋನಲ್ಲಿ ಲೈವ್ ಬರ್ತದಂತೆ.”

ಅವರ ಮಗಳು ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿದ್ದು ಹಾಕಿ ಆಡುತ್ತಾಳೆಂದು ಗೊತ್ತಿತ್ತು. ರಾಜ್ಯದ ಜೂನಿಯರ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದಾಳೆ, ಎಲ್ಲೋ ಉತ್ತರದ ಊರಿನಲ್ಲಿ ಆಡುತ್ತಿದ್ದಾಳೆ, ನಾಳೆ ಗೆದ್ದರೆ ಫೈನಲ್ ಎನ್ನುವುದು ಗೊತ್ತಿರಲಿಲ್ಲ.

“ರಜೆ ಹಾಕಿ, ಅಣ್ಣ.”

“ಬದಲಿಯವನಿಗೆ ಜ್ವರ. ಬಸ್ಸು ಬಿಡದಿದ್ರೆ ಜನ ಎಂಥ ಮಾಡೋದು?” ಬಟ್ಟೆ ತೆಗೆದು ಸ್ಟೇರಿಂಗು ಒರೆಸಿದರು. “ಅಂಗಳದಲ್ಲಿ ಚೆಂಡು ಹೊಡೆದು ತಡಿ ತಡಿ ಅಂತ ಕಲಿಸಿದ್ದು ನಾನು. ಆದ್ರೆ ಅವಳು ಮ್ಯಾಚ್ ಆಡಿದ್ದು ಒಂದೂ ನೋಡಿಲ್ಲ ಟೀಚರ್. ಯಾವಾಗ್ಲೂ ಗಾಡಿ ಮೇಲೆ. ನೋಡೋಕಾಗದಿದ್ರೂ ಬೇಡ, ಹಿಂದೆ ಕೂತು ನೀವು ಹೇಳ್ತಾ ಇದ್ರೆ ಕೇಳ್ತಾ ಹೋಗ್ತೇನೆ. ನಿಮ್ಮ ಪಟ್ಟಿ ಪ್ರಕಾರ ಸಿಗ್ತದಾ?”

“ಕಾಡೊಂದು ಬಿಟ್ಟು ಒಂದು ನಿಮಿಷವೂ ತಪ್ಪದ ಹಾಗೆ ಕೇಳಿಸ್ತೇನೆ,” ಎಂದೆ. ಎದೆ ತಟ್ಟಿಕೊಳ್ಳುವುದೊಂದು ಬಾಕಿ.

ಮಾರನೆಯ ದಿನ ಮಳೆ ಹಿಡಿದುಕೊಂಡಿತ್ತು. ಆಟ ಏಳಕ್ಕೆ ಶುರು, ಬಸ್ಸು ಏಳೂವರೆಗೆ. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ, ನರ್ಸಕ್ಕ ನನ್ನ ಪಕ್ಕ, ಗುಮಾಸ್ತರು ಹಿಂದಿನ ಸಾಲಿನಲ್ಲಿ. ಯಾವ ಜಾಗದಲ್ಲಿ ಯಾರ ಫೋನು ತೆರೆಯಬೇಕೆಂದು ಹೇಳಿಕೊಟ್ಟಿದ್ದೆ. ಅಕ್ಕಿ ಗಿರಣಿ ಬಂತು. ನರ್ಸಕ್ಕನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಸೇತುವೆ ಬಂತು, ಗುಮಾಸ್ತರದೂ ತಿರುಗುತ್ತಿತ್ತು. ಶಾಲೆಯ ತಿರುವಿನಲ್ಲಿ ನನ್ನದರಲ್ಲಿ ಒಂದು ಚಿತ್ರ ಮೂಡಿ ಅಲ್ಲಿಗೇ ನಿಂತಿತು. ಹಸಿರು ಮೈದಾನ, ಯಾರದ್ದೋ ಅರ್ಧ ಕಾಲು.

“ಎಂಥ ಟೀಚರ್, ಪಟ್ಟಿ ಮಳೆಗೆ ನೆನೆದು ಹೋಯ್ತಾ?” ಎಂದು ಗುಮಾಸ್ತರು ಹಿಂದಿನಿಂದ ಕೂಗಿದರು. ಬಸ್ಸೆಲ್ಲ ನಕ್ಕಿತು. ಡ್ರೈವರ್ ನಗಲಿಲ್ಲ. ರಸ್ತೆ ನೋಡುತ್ತ ಗೇರು ಬದಲಿಸಿದರು. ಅವರು ಬೈದಿದ್ದರೆ ವಾಸಿಯಿತ್ತು. ಆರು ತಿಂಗಳು ಅಳೆದ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ತಪ್ಪು ಹಿಡಿದದ್ದು ನರ್ಸಕ್ಕ. ನಮ್ಮದು ಹಳೆಯ ಬಸ್ಸು, ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಮೇಲಿನಿಂದ ಎಳೆದುಕೊಳ್ಳುವ ತಗಡಿನ ಶಟರು. ಡಿಸೆಂಬರಿನಿಂದ ಮೇವರೆಗೆ ನಮ್ಮ ಬಸ್ಸಿನ ಹೊತ್ತಿಗೆ ಅವನ್ನು ಯಾರೂ ಎಳೆದಿರಲಿಲ್ಲ, ಆ ವರ್ಷ ಮುಂಗಾರು ಹಿಡಿದದ್ದೂ ತಡವಾಗಿ. ಇವತ್ತು ಎರಡೂ ಕಡೆ ಮುಚ್ಚಿ, ಡಬ್ಬಿಯೊಳಗೆ ಕೂತಿದ್ದೆವು. ಮಳೆ ಅಳೆಯುವವರ ಮನೆಯಲ್ಲಿ ಹುಟ್ಟಿ, ಮಳೆಗಾಲವನ್ನೇ ಬಿಟ್ಟು ಅಳೆದಿದ್ದೆ!

“ಶಟರ್ ಎತ್ತಿ ನೋಡುವ,” ಎಂದು ನರ್ಸಕ್ಕ ನಮ್ಮ ಕಿಟಕಿಯದನ್ನು ಎತ್ತಿದಳು. ನೀರು ಮುಖಕ್ಕೇ ಹೊಡೆಯಿತು. ಫೋನಿನಲ್ಲಿದ್ದ ಅರ್ಧ ಕಾಲು ಓಡತೊಡಗಿತು, ಒಂದು ಕ್ಷಣ ಓಡಿ ಮತ್ತೆ ನಿಂತಿತು. ಒಂದು ಕಿಟಕಿ ಸಾಲದು. ಮಳೆಯಲ್ಲಿ ಶಟರ್ ಎತ್ತಿರೆಂದು ಯಾರನ್ನು ಕೇಳುವುದು ಎಂದು ನಾನು ಹಿಂದಕ್ಕೆ ತಿರುಗಿದರೆ, ಗುಮಾಸ್ತರು ಆಗಲೇ ಎದ್ದು ನಿಂತು ತಮ್ಮದನ್ನು ಎತ್ತುತ್ತಿದ್ದರು. ಇಸ್ತ್ರಿಯ ಬಿಳಿ ಅಂಗಿ ನೋಡನೋಡುತ್ತ ಮೈಗೆ ಅಂಟಿಕೊಂಡಿತು. ಆಮೇಲೆ ಸಾಲಾಗಿ ಎಲ್ಲ ಶಟರುಗಳೂ ದಡದಡ ಮೇಲೆ ಹೋದವು. ಕಂಡಕ್ಟರು ಟಿಕೆಟ್ ಮೆಷಿನನ್ನು ಅಂಗಿಯೊಳಗೆ ಸೇರಿಸಿಕೊಂಡು, “ಎಲ್ಲರಿಗೂ ಒಂದೊಂದು ಸೋಪು ಕೊಡ್ತೇನೆ,” ಎಂದ.

ಆಟ ಬಂತು. ಒಂದಕ್ಕೆ ಒಂದು ಸಮ. ನಾನು ಕಾಮೆಂಟರಿ ಶುರುಮಾಡಿದೆ. ಹಾಕಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ, ಆದರೆ ಕೊಡಗಿನ ಬಸ್ಸಿನಲ್ಲಿ ತಿದ್ದುವವರಿಗೆ ಬರವೇ? ಡ್ರೈವರ್ ಒಂದೊಂದು ಸಲ ‘ಹ್ಞೂಂ’ ಎನ್ನುತ್ತಿದ್ದರು. ಆಟ ಸಮದಲ್ಲೇ ಮುಗಿದು ಶೂಟೌಟಿಗೆ ಬಂತು. ಒಬ್ಬೊಬ್ಬಳಾಗಿ ಚೆಂಡು ತಳ್ಳಿಕೊಂಡು ಬಂದು, ಎಂಟು ಸೆಕೆಂಡಿನಲ್ಲಿ ಗೋಲ್‌ಕೀಪರನ್ನು ದಾಟಿ ಹೊಡೆಯಬೇಕು. ಎರಡೂ ಕಡೆಯವರಿಗೆ ಐದೈದು ಸರದಿ. ಅಂದರೆ ಇನ್ನು ಮೇಲೆ ಎಲ್ಲವೂ ಆ ಹುಡುಗಿಯ ಮೇಲೆ. ಅಷ್ಟರಲ್ಲಿ ಎದುರಿಗೆ ದೇವರಕಾಡು ಕಾಣಿಸಿತು.

“ನಿಲ್ಲಿಸಿ ಅಣ್ಣ, ಒಳಗೆ ಹೋದರೆ ಎಲ್ಲ ಸೊನ್ನೆ,” ಎಂದೆ.

“ಟೈಮಿಗೆ ಹೋಗ್ಬೇಕು ಟೀಚರ್. ನರ್ಸಕ್ಕನಿಗೆ ಡ್ಯೂಟಿ ಉಂಟು, ಅವರಿಗೆ ಕೋರ್ಟುಂಟು.”

“ನನ್ನ ಡ್ಯೂಟಿ ನಾನು ನೋಡ್ಕೊಳ್ತೇನೆ, ನೀವು ನಿಲ್ಸಿ,” ಎಂದು ನರ್ಸಕ್ಕ ಗದರಿದಳು. “ಕೋರ್ಟು ಇಷ್ಟು ವರ್ಷ ಕಾದಿದೆ, ಇನ್ನೈದು ನಿಮಿಷ ಕಾಯ್ತದೆ ಮಾರಾಯ್ರೆ,” ಎಂದು ಹಿಂದಿನಿಂದ ಗುಮಾಸ್ತರು. ಕಾಡು ಶುರುವಾಗುವ ಮೊದಲು ರಸ್ತೆ ಅಗಲವಿರುವಲ್ಲಿ ಬಸ್ಸು ಪಕ್ಕಕ್ಕೆ ನಿಂತಿತು. ಡ್ರೈವರ್ ಎಂಜಿನ್ ಆರಿಸಿದರು. ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಹೆಲ್ಮೆಟ್ಟು, ಪ್ಯಾಡು ಹಾಕಿಕೊಂಡ ಆ ಪುಟ್ಟ ಆಕೃತಿಯನ್ನು ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇವಳೇ,” ಎಂದರು.

ಇವಳು ಒಂದು ತಡೆದಳು, ಎರಡು ಬಿಟ್ಟಳು. ನಾಲ್ಕನೆಯವಳು ನಮ್ಮ ಫೋನಿನಲ್ಲಿ ಇನ್ನೂ ಚೆಂಡಿನ ಹತ್ತಿರ ನಡೆದು ಬರುತ್ತಿದ್ದಾಳೆ, ಹಿಂದಿನ ಸಾಲಿನವರು ‘ತಡೆದಳು!’ ಎಂದು ಕೂಗಿ ಕುಣಿದರು. ಗುಮಾಸ್ತರ ಸಿಮ್ಮು ಚುರುಕು. ಅಲ್ಲಿ ಆಗಿಹೋದದ್ದು ನನ್ನ ಸಿಮ್ಮಿಗೆ ಹದಿನೈದು ಸೆಕೆಂಡು ತಡವಾಗಿ ಬರುತ್ತಿತ್ತು. ಡ್ರೈವರ್ ತಿರುಗದೆ ಕೈ ಎತ್ತಿದರು.

“ಹಿಂದಿನವರು ದಯಮಾಡಿ ಹೇಳ್ಬೇಡಿ. ನಾನೇ ನೋಡ್ತೇನೆ.”

ಬಸ್ಸು ಗಪ್‌ಚುಪ್ಪಾಯಿತು. ನಮ್ಮವರ ಸರದಿ ಮುಗಿದು ಎರಡಕ್ಕೆ ಎರಡು ಸಮವಾಗಿತ್ತು. ಅವರದೊಂದು ಬಾಕಿ. ತಡೆದರೆ ಆಟ ಮುಂದುವರಿಯುತ್ತದೆ, ಬಿಟ್ಟರೆ ಮುಗಿಯಿತು. ನಾನು ಹಿಂದಕ್ಕೆ ತಿರುಗಿದೆ. ಗುಮಾಸ್ತರು ಫೋನಿನಿಂದ ತಲೆಯೆತ್ತಿ, ಎತ್ತಿದ ಶಟರಿನಾಚೆ ಹೊರಗೆ ನೋಡತೊಡಗಿದ್ದರು. ಅವರ ಸುತ್ತ ಕೂತ ಐದಾರು ಜನವೂ ಹೊರಗೆ ನೋಡುತ್ತಿದ್ದರು. ಅವರಿಗೆ ಗೊತ್ತಾಗಿತ್ತು. ಒಬ್ಬರಾದರೂ ತುಟಿ ಬಿಚ್ಚಲಿಲ್ಲ, ನಿಟ್ಟುಸಿರು ಕೂಡ ಬಿಡಲಿಲ್ಲ. ಡ್ರೈವರ್ ಮಾತ್ರ ಸ್ಟೇರಿಂಗಿಗೆ ಒರಗಿ, “ಕಾಲ ಸಂದು ಬಿಡಬೇಡ, ಸಂದು ಬಿಡಬೇಡ ಮಗಳೇ,” ಎಂದು ಮೆಲ್ಲಗೆ ಹೇಳುತ್ತಿದ್ದರು.

ಚೆಂಡು ಅವಳ ಪ್ಯಾಡಿಗೆ ತಗುಲಿ, ಮೇಲೆದ್ದು, ಒಳಗೆ ಹೋಯಿತು.

ಡ್ರೈವರ್ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಮಗಳು ಹೆಲ್ಮೆಟ್ಟು ತೆಗೆದು, ಗೋಲು ಹೊಡೆದವಳ ಹತ್ತಿರ ಹೋಗಿ ಕೈಕುಲುಕಿದಳು. “ಸರಿಯಾಗೇ ನಿಂತಿದ್ಲು,” ಎಂದು ಫೋನು ನನಗೆ ಕೊಟ್ಟು ಎಂಜಿನ್ ಶುರುಮಾಡಿದರು. ದೇವರಕಾಡಿನೊಳಗೆ ಎಂದಿನಂತೆ ಎಲ್ಲರೂ ಫೋನು ಮಡಿಲಲ್ಲಿಟ್ಟು ಕೂತಿದ್ದೆವು. ಶಟರ್ ಇಳಿಸಲು ಯಾರಿಗೂ ನೆನಪಾಗಲಿಲ್ಲ.

ವಿರಾಜಪೇಟೆಗೆ ಒಂಬತ್ತು ನಿಮಿಷ ತಡ. ಇಳಿಯುವಾಗ ಗುಮಾಸ್ತರು ಅಂಗಿಯ ತುದಿ ಹಿಂಡಿಕೊಳ್ಳುತ್ತ ನನ್ನ ಹತ್ತಿರ ಬಂದು, “ಇವತ್ತು ನಿಮ್ಮ ಸಿಮ್ಮೇ ಒಳ್ಳೇದು ಟೀಚರ್,” ಎಂದರು. ಗೆದ್ದೆನೆಂದು ಹೇಳಿಕೊಳ್ಳಲು ನನಗೂ ಮನಸ್ಸಾಗಲಿಲ್ಲ. ನಾಳೆಯಿಂದ ಶಟರ್ ಇಳಿಸಿ ಒಂದು ಪಟ್ಟಿ, ಎತ್ತಿ ಒಂದು ಪಟ್ಟಿ ಮಾಡಬೇಕು ಎಂದೆ. ಎತ್ತಿ ಮಾಡುವ ದಿನ ಮೊದಲೇ ತಿಳಿಸಿ ಎಂದರು.

ಡ್ರೈವರ್ ಪೆಟ್ಟಿಗೆ ತೆರೆದು ತಮ್ಮ ಫೋನು ತೆಗೆಯುವುದಕ್ಕೂ ಅದು ರಿಂಗಾಗುವುದಕ್ಕೂ ಸರಿಹೋಯಿತು. ಮಗಳೇ. ಅವಳು ಅಳುತ್ತಿದ್ದದ್ದು ನನ್ನ ತನಕ ಕೇಳಿಸುತ್ತಿತ್ತು. ‘ಅಪ್ಪ, ನೀನು ನೋಡಿದ್ಯಾ?’ ಎಂದು ಕೇಳಿರಬೇಕು.

“ನೋಡಿದೆ ಮಗಳೇ,” ಎಂದರು ಅವರು. “ನೀನು ಆಡುವಾಗ್ಲೇ ನೋಡಿದೆ. ಒಂದು ಸೆಕೆಂಡೂ ಹಿಂದೆ ಮುಂದೆ ಇಲ್ಲ.”

ಹದಿನೈದು ಸೆಕೆಂಡಿನ ಲೆಕ್ಕ ನನ್ನ ನಾಲಗೆಯ ತುದಿಯಲ್ಲಿತ್ತು. ಲೆಕ್ಕದ ಟೀಚರ್ ಆಗಿ ಇಷ್ಟು ವರ್ಷದಲ್ಲಿ, ಕಣ್ಣೆದುರಿನ ತಪ್ಪನ್ನು ತಿದ್ದದೆ ಬಿಟ್ಟದ್ದು ಅದೊಂದೇ ಸಲ.